ಓದುಗರ ಪ್ರಶ್ನೆ: ‘ಮ್ಯಾಕ್’ ಅಂದರೆ ನಮ್ಮ ‘ಮಗ’ನೇ?

ಕಳೆದ ಸಂಚಿಕೆಯಲ್ಲಿ ಶ್ರೀರಂಗಪಟ್ಟಣದ ಕರ್ನಲ್ ಬೇಲಿ ಬಂದೀಖಾನೆಯ ಬಗ್ಗೆ ಬರೆಯುವಾಗ, ಹೈದರನ ಪಡೆಗೆ ಸಿಕ್ಕಿಬಿದ್ದ ಬ್ರಿಟಿಷ್ ಸೇನಾಧಿಕಾರಿ ಬೇಲಿಯೂ ಅವನ ಜೊತೆ ಸೆರೆಸಿಕ್ಕ ಡೇವಿಡ್ ಬೇರ್ಡನೂ ಇಂಗ್ಲೆಂಡಿನವರಲ್ಲ, ಸ್ಕಾಟ್ಲೆಂಡಿನವರು ಎಂದು ಒಂದು ಸಾಲು ಸೇರಿಸಿದ್ದೆವು. ಕಾಗದಗಳೆಲ್ಲ ಆ ಒಂದು ಸಾಲಿಗೇ ಬಂದಿವೆ.

ಮಂಡ್ಯದಲ್ಲಿ ನಾವು ಮಾತಿಗೊಮ್ಮೆ ‘ಮಗಾ’ ಅಂತೀವಿ. ಮ್ಯಾಕ್‌ಡೊನಾಲ್ಡ್, ಮೆಕೆಂಜಿ ಹೆಸರುಗಳಲ್ಲಿರೋ ‘ಮ್ಯಾಕ್’ಗೂ ಮಗ ಅಂತಲೇ ಅರ್ಥವಂತೆ. ಎರಡಕ್ಕೂ ನಂಟಿದೆಯೇ? — ಓದುಗರು, ಮಂಡ್ಯ

ಅರ್ಥ ಒಂದೇ, ನಂಟಿಲ್ಲ. ಎರಡು ಪದಗಳು ನಿಜಕ್ಕೂ ಒಂದೇ ಬೇರಿನವಾದರೆ ಹಿಂದಕ್ಕೆ ಹೋದಷ್ಟೂ ಹತ್ತಿರವಾಗಬೇಕು. ಇವು ದೂರವಾಗುತ್ತವೆ. ‘ಮ್ಯಾಕ್’ ಗೇಲಿಕ್ ಮಾತು, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡುಗಳ ಹಳೆಯ ಭಾಷೆಯದು. ಐರ್ಲೆಂಡಿನಲ್ಲಿ ಕಲ್ಲಿನ ಅಂಚಿಗೆ ಗೀರು ಹಾಕಿ ಬರೆದ ಓಗಮ್ ಶಾಸನಗಳಲ್ಲಿ ಇದರ ಹಳೆಯ ರೂಪ ‘ಮಕ್ವಿ’, ಅಂದರೆ ‘ಮಗನ’. ಆ ‘ಕ್ವ’ ಗೇಲಿಕ್‌ನಲ್ಲಿ ‘ಕ’ ಆಯಿತು, ಅದರ ದಾಯಾದಿ ವೆಲ್ಷ್ ಭಾಷೆಯಲ್ಲಿ ‘ಪ’ ಆಗಿ ‘ಮಾಪ್’ ಎಂದಾಯಿತು. ನಮ್ಮ ಮಗನಿಗೆ ತಮಿಳಿನ ಮಗನ್, ನಮ್ಮದೇ ಮಕ್ಕಳು ಸಾಕ್ಷಿ. ಅಲ್ಲೆಲ್ಲೂ ‘ವ’ಕಾರದ ವಾಸನೆಯೂ ಇಲ್ಲ.

ಹೋಲಿಕೆಯೇ ಬೇಕೆಂದರೆ ‘ಕ್ಲಾನ್’ ಎಂಬ ಪದ ನೋಡಿ. ಅದನ್ನು ‘ಬುಡಕಟ್ಟು’ ಎಂದು ಕನ್ನಡಿಸುವುದು ರೂಢಿಯಾಗಿದೆ, ನಮಗೇನೋ ಒಪ್ಪಿಗೆಯಿಲ್ಲ. ಗೇಲಿಕ್‌ನಲ್ಲಿ ‘ಕ್ಲಾನ್’ ಅಂದರೆ ಬರೀ ‘ಮಕ್ಕಳು’. ಅದು ಬಂದದ್ದು ಲ್ಯಾಟಿನ್ನಿನ ‘ಪ್ಲಾಂಟಾ’, ಅಂದರೆ ಎಳೆಯ ಚಿಗುರು ಎಂಬುದರಿಂದ. ಹಳೆಯ ಗೇಲಿಕ್ ಬಾಯಿಗೆ ‘ಪ’ ಹೊರಳುತ್ತಿರಲಿಲ್ಲ, ‘ಕ’ ಮಾಡಿಕೊಂಡರು. ನಾವು ‘ವಂಶದ ಕುಡಿ’ ಅನ್ನುವಲ್ಲಿ ಇರುವುದೂ ಇದೇ ಚಿಗುರು. ಇನ್ನು ಒಂದು ಕ್ಲಾನಿನವರೆಲ್ಲ ಒಂದೇ ರಕ್ತದವರು ಎಂಬುದು ಸುಳ್ಳು. ನಾಯಕನ ಜಮೀನಿನಲ್ಲಿ ಒಕ್ಕಲಿದ್ದವರು, ಅವನ ಆಸರೆಗೆ ಬಂದವರು ಅವನ ಹೆಸರನ್ನೇ ಇಟ್ಟುಕೊಂಡದ್ದು ಧಾರಾಳವಾಗಿ ಉಂಟು.

ಹೆಣ್ಣುಮಕ್ಕಳಿಗೆ ಗೇಲಿಕ್‌ನಲ್ಲಿ ‘ಮ್ಯಾಕ್’ ಹತ್ತುವುದಿಲ್ಲ, ‘ನಿಕ್’ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಎಲ್ಲರೂ ಮ್ಯಾಕ್. ಎಂ-ಸಿ ಬರೆದರೆ ಐರಿಷ್, ಎಂ-ಎ-ಸಿ ಬರೆದರೆ ಸ್ಕಾಟಿಷ್ ಎಂಬ ಸೂತ್ರವನ್ನು ಮರೆತುಬಿಡಿ, ಎರಡೂ ಒಂದೇ.

ಮೆಕೆಂಜಿಯ ‘ಜ’ ಇನ್ನೊಂದು ಕಥೆ. 1799ರ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು. ಸ್ಕಾಟ್ಲೆಂಡಿನ ಬಯಲುಸೀಮೆಯ ಮಾತಾದ ಸ್ಕಾಟ್ಸ್‌ನ ಹಳೆಯ ಬರಹದಲ್ಲಿ ಇಂಗ್ಲಿಷಿನ 3ರ ಆಕಾರದ ‘ಯೋಗ್’ ಎಂಬ ಅಕ್ಷರವಿತ್ತು, ಉಚ್ಚಾರ ಸುಮಾರಾಗಿ ‘ಯ’. ಅಚ್ಚಿನ ಮೊಳೆಯಲ್ಲಿ ಅದು ಇರಲಿಲ್ಲ. ನೋಡಲು ಹತ್ತಿರವಿದ್ದ ‘ಝೆಡ್’ ಜೋಡಿಸಿದರು. ಮೆಕೆಂಜಿಯ ವಿಷಯದಲ್ಲಿ ಬಾಯಿ ಅಚ್ಚಿಗೆ ಶರಣಾಯಿತು. ಮೆನ್ಜೀಸ್ ಎಂದು ಬರೆಯುವ ಹೆಸರನ್ನು ಮಾತ್ರ ಅಲ್ಲಿ ಇಂದಿಗೂ ‘ಮಿಂಗಿಸ್’ ಅನ್ನುವವರಿದ್ದಾರೆ. ನಮ್ಮ ೞಕಾರ ಅಕ್ಷರವೂ ಹೋಗಿ ಉಚ್ಚಾರವೂ ಹೋಯಿತು, ಅವರಿಗೆ ಅಷ್ಟಾದರೂ ಉಳಿದಿದೆ.

ಬೇರ್ಡನನ್ನು ಇಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದಾರೆಂದು ಕೇಳಿ ಅವನ ತಾಯಿ ಏನೋ ಅಂದಳಂತೆ. ಏನದು, ಯಾವ ಭಾಷೆ? — ಓದುಗರು, ಶ್ರೀರಂಗಪಟ್ಟಣ

ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಒಂದೇ ಸರಪಳಿಗೆ ಬಿಗಿಯುತ್ತಾರೆಂಬ ಸುದ್ದಿ ಮುಟ್ಟಿದಾಗ, ‘ನಮ್ ಡೇವಿ ಜೊತೆ ಕಟ್ಟಿಸ್ಕೊಂಡಿರೋ ಹುಡುಗನ್ನ ದೇವ್ರೇ ಕಾಪಾಡ್ಬೇಕು’ ಎಂದಳೆಂದು ಮಾತು ಉಳಿದುಬಂದಿದೆ. ಮಗನ ಮುಂಗೋಪ ಅಷ್ಟಿತ್ತು. ಅವನು 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸಿಕ್ಕಿಬಿದ್ದು 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ.

ಆ ಮಾತಿನಲ್ಲಿ ಹುಡುಗನಿಗೆ ಬಳಸಿರುವ ಪದ ‘ಚೀಲ್’. ಅದು ಗೇಲಿಕ್ ಅಲ್ಲ, ಸ್ಕಾಟ್ಸ್. ಬೇರ್ಡನ ಮನೆ ಎಡಿನ್‌ಬರೋದ ಪೂರ್ವಕ್ಕಿರುವ ಬಯಲುಸೀಮೆಯಲ್ಲಿ, ಅಲ್ಲಿಯ ಮನೆಮಾತೇ ಸ್ಕಾಟ್ಸ್. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಗೇಲಿಕ್ ಬೇರೆಯದೇ ಕವಲು, ವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ‘ಹೌದು’ ‘ಇಲ್ಲ’ ಎಂಬ ಬಿಡಿ ಪದಗಳೂ ಅದರಲ್ಲಿಲ್ಲ. ‘ಬಂದೆಯಾ’ ಎಂದರೆ ‘ಬಂದೆ’ ಎಂದೇ ಹೇಳಬೇಕು (ನಮಗೇನೂ ಹೊಸದಲ್ಲ). ಸ್ಕಾಟ್ಸ್ ಇಂಗ್ಲಿಷಿನ ಒಡಹುಟ್ಟು, ಕನ್ನಡಕ್ಕೆ ಬಡಗ ಇದ್ದ ಹಾಗೆ. ಅದನ್ನು ‘ಕೆಟ್ಟ ಇಂಗ್ಲಿಷ್’ ಎಂದು ಶಾಲೆಗಳಲ್ಲಿ ಮಕ್ಕಳ ಬಾಯಿ ಮುಚ್ಚಿಸಿದ ಕಾಲವಿತ್ತು. 2022ರ ಜನಗಣತಿಯಲ್ಲಿ ಸ್ಕಾಟ್ಸ್ ಆಡುತ್ತೇವೆ ಎಂದವರು ಸುಮಾರು 15 ಲಕ್ಷ. ಗೇಲಿಕ್ ಅಷ್ಟೋ ಇಷ್ಟೋ ಬಲ್ಲವರು 1 ಲಕ್ಷ 30 ಸಾವಿರ. 2025ರ ಕಾಯ್ದೆ ಎರಡಕ್ಕೂ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿದೆ.

ಮಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಸಹಪಾಠಿಯ ಮದುವೆಗೆ ಕಿಲ್ಟ್ (ಅಲ್ಲಿಯ ಗಂಡಸರು ಸೊಂಟಕ್ಕೆ ಸುತ್ತುವ ಚೌಕಳಿ ಬಟ್ಟೆ) ಬಾಡಿಗೆಗೆ ತಂದು ಉಡಬೇಕಂತೆ. ಹೇಗೆ ಉಡುವುದು? ಬೇರೆಯವರ ಕುಲದ ಬಟ್ಟೆ ಉಟ್ಟರೆ ತಪ್ಪಾಗುವುದಿಲ್ಲವೇ? — ಓದುಗರು, ಜಯಲಕ್ಷ್ಮೀಪುರಂ, ಮೈಸೂರು

ಪಂಚೆಯ ನೆರಿಗೆ ಮುಂದೆ, ಕಿಲ್ಟಿನ ನೆರಿಗೆ ಹಿಂದೆ. ಇಷ್ಟು ನೆನಪಿದ್ದರೆ ಅರ್ಧ ಗೆದ್ದಂತೆ. ನೆರಿಗೆಯನ್ನು ಕೈಯಲ್ಲಿ ಹಿಡಿಯುವ ಕಷ್ಟವಿಲ್ಲ, ಸುಮಾರು 8 ಗಜ ಬಟ್ಟೆಯನ್ನು ಮೊದಲೇ ಮಡಿಸಿ ಹೊಲಿದಿರುತ್ತಾರೆ. ಮುಂದೆ ಎರಡು ಚಪ್ಪಟೆ ಭಾಗಗಳಿರುತ್ತವೆ. ಒಳಸೆರಗು, ಹೊರಸೆರಗು ಎಂದಿಟ್ಟುಕೊಳ್ಳಿ.

ಅಳತೆ ಕೊಡುವಾಗಲೇ ಮೊದಲ ತಪ್ಪು ಆಗುವುದು. ಜೀನ್ಸ್ ನಿಲ್ಲುವ ಜಾಗದ ಅಳತೆ ಕೊಡಬೇಡಿ. ಕಿಲ್ಟ್ ನಿಲ್ಲುವುದು ಹೊಕ್ಕುಳಿನ ಮಟ್ಟದಲ್ಲಿ. ಅಲ್ಲಿನ ಸುತ್ತಳತೆ, ಪಿರ್ರೆಯ ಸುತ್ತಳತೆ, ಹೊಕ್ಕುಳಿನಿಂದ ಮಂಡಿಚಿಪ್ಪಿನ ನಡುವಿನವರೆಗಿನ ಉದ್ದ, ಈ ಮೂರು ಬೇಕು. ಕೆಳಗೆ ಜಾರಿಸಿ ಉಟ್ಟರೆ ಅಂಚು ಮಂಡಿ ಮುಚ್ಚಿ ಲಂಗದ ಹಾಗೆ ಕಾಣುತ್ತದೆ. ಮಂಡಿಯೂರಿ ನೆಟ್ಟಗೆ ಕೂತಾಗ ಅಂಚು ನೆಲದಿಂದ ಒಂದಿಂಚು ಮೇಲಿದ್ದರೆ ಸರಿಯಾಗಿದೆ ಎಂದರ್ಥ.

ಉಡುವ ದಿನ ಉದ್ದ ಕಾಲುಚೀಲ, ಬೂಟು ಮೊದಲು. ಕಿಲ್ಟ್ ಬಿಗಿದ ಮೇಲೆ ಬಗ್ಗುವುದು ಕಷ್ಟ. ಕಾಲುಚೀಲದ ಮಡಿಕೆ ಮಂಡಿಚಿಪ್ಪಿಗಿಂತ ಮೂರು-ನಾಲ್ಕು ಬೆರಳು ಕೆಳಗಿರಲಿ. ಈಗ ನೆರಿಗೆ ಬೆನ್ನ ಹಿಂದೆ ಬರುವಂತೆ ಕಿಲ್ಟ್ ಹಿಡಿದು, ಒಳಸೆರಗನ್ನು ಬಲದಿಂದ ಎಡಕ್ಕೆ ತನ್ನಿ. ಅದರ ತೊಗಲು ಪಟ್ಟಿಯನ್ನು ಎಡಸೊಂಟದಲ್ಲಿರುವ ಸೀಳಿನೊಳಗೆ ತೂರಿಸಿ ಹೊರಗಿನ ಬಕಲಿಗೆ ಬಿಗಿಯಿರಿ. ಈ ಸೀಳು ಕಾಣದೆ ಪಟ್ಟಿಯನ್ನು ಒಳಗೇ ಬಿಟ್ಟವರ ಕಿಲ್ಟ್ ಕುಣಿತದ ನಡುವೆ ಜಾರುತ್ತದೆ. ಆಮೇಲೆ ಹೊರಸೆರಗು ಎಡದಿಂದ ಬಲಕ್ಕೆ. ಜೂಲಿರುವ ಅಂಚು ಬಲಗಡೆ ಬಂದರೆ ಸರಿ. ಕೆಳಗಿನ ಬಲಮೂಲೆಗೆ ಚುಚ್ಚುವ ಪಿನ್ನು ಹೊರಸೆರಗಿಗೆ ಮಾತ್ರ. ಎರಡೂ ಸೆರಗು ಸೇರಿಸಿ ಚುಚ್ಚಿದರೆ ಕೂತಾಗ ಬಟ್ಟೆ ಹರಿಯುತ್ತದೆ, ಅಂಗಡಿಯವರು ಮುಂಗಡ ಹಿಡಿಯುತ್ತಾರೆ. ಜೇಬಿಲ್ಲದ್ದಕ್ಕೆ ಮುಂದೆ ನೇತುಹಾಕುವ ತೊಗಲು ಚೀಲ ಸ್ಪೊರಾನ್, ಸೊಂಟಪಟ್ಟಿಯ ಬಕಲಿಗಿಂತ ಮೂರು-ನಾಲ್ಕು ಬೆರಳು ಕೆಳಗೆ, ನಡುಮಧ್ಯ. ಕೂರುವಾಗ ನೆರಿಗೆಯನ್ನು ಕೈಯಿಂದ ಸವರಿ ಒತ್ತಿಕೊಂಡು ಕೂರಬೇಕು. ಕಾಲುಚೀಲಕ್ಕೆ ಸಿಕ್ಕಿಸುವ ಸಣ್ಣ ಚೂರಿ ರಾಷ್ಟ್ರೀಯ ಉಡುಪಿನ ಭಾಗವೆಂದು ಅಲ್ಲಿಯ ಕಾನೂನು ಒಪ್ಪುತ್ತದೆ, ವಿಮಾನದವರು ಒಪ್ಪುವುದಿಲ್ಲ. ಒಳಗೆ ಏನು ಎಂಬ ಹಳೇ ಕುಚೇಷ್ಟೆ ಇದೆಯಲ್ಲ, ಬಾಡಿಗೆ ಬಟ್ಟೆಯಾದ್ದರಿಂದ ಚಡ್ಡಿ ಹಾಕಿಕೊಳ್ಳಲು ಹೇಳಿ.

ಕುಲದ ಪ್ರಶ್ನೆಗೆ ಬಂದರೆ, ತಡೆಯುವ ಕಾನೂನು ಯಾವುದೂ ಇಲ್ಲ. ರಾಜಮನೆತನದ ಬಾಲ್ಮೊರಲ್ ಚೌಕಳಿಯನ್ನು ಮಾತ್ರ ಮರ್ಯಾದೆಗೆಂದು ಬಿಡುತ್ತಾರೆ. ಕಡುನೀಲಿ-ಹಸಿರಿನ ‘ಬ್ಲ್ಯಾಕ್ ವಾಚ್’ ಕೇಳಿ ತೆಗೆದುಕೊಂಡರೆ ಯಾರೂ ಪ್ರಶ್ನಿಸುವುದಿಲ್ಲ. ಅಷ್ಟಕ್ಕೂ ಒಂದೊಂದು ಹೆಸರಿಗೆ ಒಂದೊಂದು ಚೌಕಳಿ ಎಂಬ ಕಟ್ಟುಪಾಡು ಬೇರೂರಿದ್ದು 19ನೇ ಶತಮಾನದಲ್ಲಿ. ಅದಕ್ಕೆ ಮೊದಲು ನೇಕಾರ ಬಣ್ಣ ಸಿಕ್ಕ ಹಾಗೆ ನೇಯುತ್ತಿದ್ದ. ಸ್ಟುವರ್ಟ್ ಮನೆತನದ ಪರವಾಗಿ 1745ರಲ್ಲಿ ಎದ್ದ ಬಂಡಾಯದ ನಂತರ 1746ರ ಕಾಯ್ದೆ ಈ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕರೆ 6 ತಿಂಗಳು ಜೈಲು, ಎರಡನೇ ಸಲ 7 ವರ್ಷ ಗಡಿಪಾರು. ಸೈನಿಕರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ಎತ್ತಿದರು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ, ಗುಡ್ಡಗಾಡಿನವರ ಈ ಬಟ್ಟೆಯನ್ನು ಬಯಲುಸೀಮೆಯ ದೊಡ್ಡಮನುಷ್ಯರೂ ಉಟ್ಟು ನಿಂತರು. ಇಡೀ ದೇಶದ ಉಡುಪು ಎಂಬ ಪಟ್ಟ ಕಟ್ಟಿದ್ದು ಆ ಆಗಸ್ಟ್ ತಿಂಗಳು.

ಬ್ಯಾಗ್‌ಪೈಪಿನಲ್ಲಿ ನಮ್ಮ ರಾಗ ನುಡಿಸಬಹುದೇ? — ನಾಗಸ್ವರದ ವಿದ್ಯಾರ್ಥಿ, ಮೈಸೂರು

ಹರಿಕಾಂಭೋಜಿ ಅದರಲ್ಲಿ ಹುಟ್ಟಿನಿಂದಲೇ ಇದೆ. ನುಡಿಸುವ ಕೊಳವೆಯಲ್ಲಿ ಸಿಗುವುದು ಒಂಬತ್ತೇ ಸ್ವರ: ಮಂದ್ರದ ಕೈಶಿಕಿ ನಿಷಾದ, ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ, ತಾರ ಷಡ್ಜ. ಅಲ್ಲಿಗೆ ಮುಗಿಯಿತು. ಮೋಹನ ಸಲೀಸು. ಕಲ್ಯಾಣಿ, ತೋಡಿ ಕೇಳಬೇಡಿ. ಸಾಮಾನ್ಯವಾಗಿ ಷಡ್ಜ ಆರೂವರೆ ಮನೆಗಿಂತ ಚೂರು ಮೇಲಿರುತ್ತದೆ. ಹೆಗಲ ಮೇಲಿನ ಮೂರು ಕೊಳವೆಗಳು ಶ್ರುತಿಗೆ. ಎರಡು ಒಂದು ಸ್ಥಾಯಿ ಕೆಳಗೆ, ದೊಡ್ಡದು ಎರಡು ಸ್ಥಾಯಿ ಕೆಳಗೆ, ಮೂರೂ ಷಡ್ಜವೇ. ಪಂಚಮವಿಲ್ಲ.

ನಾಗಸ್ವರದಂತೆ ಇಲ್ಲೂ ನಾದ ಹುಟ್ಟಿಸುವುದು ಜೋಡಿ ನಾಲಿಗೆಯೇ (ರೀಡ್), ಆದರೆ ಅದು ಕೊಳವೆಯೊಳಗೆ ಹುದುಗಿರುತ್ತದೆ, ತುಟಿಗೆ ಸಿಗುವುದಿಲ್ಲ. ಹಾಗಾಗಿ ತುಟಿ ಒತ್ತಿ ಎಳೆಯುವ ಗಮಕ ಸಾಧ್ಯವಿಲ್ಲ, ಮೆಲ್ಲಗೆ ಜೋರಾಗಿ ಎಂಬುದೂ ಇಲ್ಲ. ಎಡಗಂಕುಳಲ್ಲಿರುವ ತಿತ್ತಿಯಿಂದ ಗಾಳಿ ಎಡೆಬಿಡದೆ ಹರಿಯುವುದರಿಂದ ನಾದ ನಿಲ್ಲಿಸಲೂ ಬಾರದು. ಒಂದೇ ಸ್ವರ ಎರಡು ಸಲ ಬೇಕೆಂದರೆ ನಡುವೆ ಇನ್ನೊಂದು ಸ್ವರವನ್ನು ಬೆರಳಿನಿಂದ ಮಿಂಚಿನ ಹಾಗೆ ತಾಗಿಸಿ ಕತ್ತರಿಸಬೇಕು. ಅವರ ವಿದ್ವತ್ತೆಲ್ಲ ಈ ಕತ್ತರಿಸುವಿಕೆಯಲ್ಲೇ. ಹಳೆಯ ಗುರುಗಳು ಇದನ್ನು ಬಾಯಿಪಾಠ ಹೇಳಿಕೊಡುತ್ತಿದ್ದರು. ಸ್ವರಾಕ್ಷರ ಮೂಲಸ್ವರಕ್ಕೆ, ವ್ಯಂಜನ ಕತ್ತರಿಗೆ. ನಮ್ಮ ಸೊಲ್ಲುಕಟ್ಟಿನ ಹಾಗೆ ಕಟ್ಟಿದ ಈ ಪದ್ಧತಿಗೆ ‘ಕಾಂಟರಾಕ್’ ಎಂದು ಹೆಸರು.

ಕಲಿಯುವವರು ಮೊದಲೇ ತಿತ್ತಿ ಕೊಳ್ಳುವುದು ದುಡ್ಡು ದಂಡ. ತಿತ್ತಿಯಿಲ್ಲದ ಅಭ್ಯಾಸದ ಕೊಳವೆಯಲ್ಲಿ ತಿಂಗಳುಗಟ್ಟಲೆ ಬೆರಳು ಪಳಗಬೇಕು. ತೂತು ಮುಚ್ಚುವುದು ಬೆರಳ ತುದಿಯಿಂದಲ್ಲ, ಬೆರಳನ್ನು ನೀಡಿ ಹಿಡಿದು ಒಳಮೈಯಿಂದ. ತಿತ್ತಿಗೆ ಬಂದ ಮೇಲೆ ಎಲ್ಲರೂ ಸೋಲುವುದು ಉಸಿರು ಬಿಟ್ಟು ತೋಳು ಒತ್ತುವ ಆ ಅರೆಕ್ಷಣದಲ್ಲಿ. ಊದುವುದು ನಿಂತಾಗ ತೋಳು ಸರಿಯಾಗಿ ಅಷ್ಟೇ ಒತ್ತಡ ಕೊಡದಿದ್ದರೆ ಶ್ರುತಿ ತೊಟ್ಟಿಲು ತೂಗಿದ ಹಾಗೆ ತೂಗುತ್ತದೆ. ಉಸಿರಿನ ತೇವ ನಾಲಿಗೆಗೆ ಹತ್ತಿದರೂ ಶ್ರುತಿ ಜಾರುತ್ತದೆ, ನುಡಿಸಿದ ಮೇಲೆ ಒರೆಸಿಡಬೇಕು.

ಹ್ಯಾಗಿಸ್ ಅಂದರೆ ನಮ್ಮ ಬೋಟಿ ತಾನೇ? — ಓದುಗರು, ಕೆ.ಆರ್. ಪೇಟೆ

ಸಾಮಾನು ಹತ್ತಿರ, ಅಡುಗೆ ಬೇರೆ. ಬೋಟಿ ಗೊಜ್ಜಿನಲ್ಲಿ ಕರುಳು, ಹೊಟ್ಟೆಯೇ ತಿನ್ನುವ ವಸ್ತು. ಹ್ಯಾಗಿಸ್‌ನಲ್ಲಿ ಕುರಿಯ ಹೊಟ್ಟೆ ಬರೀ ಚೀಲ. ಒಳಗೆ ಹೃದಯ, ಈಲಿ, ಶ್ವಾಸಕೋಶ, ಓಟ್ಸ್ ನುಚ್ಚು, ಈರುಳ್ಳಿ, ಕೊಬ್ಬು, ಮೆಣಸು ತುಂಬಿ ಬೇಯಿಸುತ್ತಾರೆ. ಈಗ ಹೆಚ್ಚಿನವು ಕೃತಕ ಚೀಲದಲ್ಲಿ ಬರುತ್ತವೆ. ಜನವರಿ 25ರ ರಾತ್ರಿ, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ, ಇದಕ್ಕೆ ರಾಜೋಪಚಾರ.

ಸ್ಕಾಟ್ಲೆಂಡಿನವರಿಗೆ ಕ್ರಿಸ್‌ಮಸ್ಸಿಗಿಂತ ಹೊಸ ವರ್ಷ ದೊಡ್ಡದಂತೆ, ಏಕೆ? ಆಗ ಮಾಡುವ ಶಾರ್ಟ್‌ಬ್ರೆಡ್ ನಮ್ಮ ಮನೆಯಲ್ಲಿ ಮಾಡಲು ಆಗುತ್ತದೆಯೇ? — ಓದುಗರು, ಮದ್ದೂರು

1560ರ ಧರ್ಮಸುಧಾರಣೆಯ ನಂತರ ಅಲ್ಲಿಯ ಚರ್ಚು ಕ್ರಿಸ್‌ಮಸ್ಸನ್ನು ರೋಮಿನ ಆಡಂಬರವೆಂದು ತಳ್ಳಿತು. ಅದಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ! ಹಬ್ಬದ ಉಮೇದೆಲ್ಲ ಡಿಸೆಂಬರ್ 31ಕ್ಕೆ ಹರಿಯಿತು. ಮನೆ ಗುಡಿಸಿ, ಒಲೆಯ ಬೂದಿ ಹೊರಹಾಕಿ ಕಾಯುತ್ತಾರೆ. ನಡುರಾತ್ರಿ ಕಳೆದ ಮೇಲೆ ಮೊದಲು ಹೊಸ್ತಿಲು ದಾಟುವವನು ಎತ್ತರದ, ಕಪ್ಪು ಕೂದಲಿನ ಗಂಡಸಾದರೆ ಶುಭ. ಈ ಲೆಕ್ಕದಲ್ಲಿ ನಮ್ಮ ಮದ್ದೂರಿನ ಅರ್ಧ ಊರು ಶುಭಶಕುನವೇ. ಬರಿಗೈಯಲ್ಲಿ ಬರುವಂತಿಲ್ಲ. ಕಲ್ಲಿದ್ದಲ ತುಂಡು, ಉಪ್ಪು, ವಿಸ್ಕಿ, ಶಾರ್ಟ್‌ಬ್ರೆಡ್ ಇವುಗಳಲ್ಲಿ ಏನಾದರೂ ತರಬೇಕು.

ಶಾರ್ಟ್‌ಬ್ರೆಡ್‌ಗೆ ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಹಿಟ್ಟು ಮೂರು. ಅಂದರೆ 100 ಗ್ರಾಂ, 200 ಗ್ರಾಂ, 300 ಗ್ರಾಂ. ಹಿಟ್ಟಿನಲ್ಲಿ 250 ಮೈದಾ, 50 ನುಣ್ಣನೆಯ ಅಕ್ಕಿಹಿಟ್ಟು ಹಾಕಿದರೆ ಗರಿಗರಿ ಬರುತ್ತದೆ, ಅಲ್ಲಿಯವರೂ ಹಾಕುತ್ತಾರೆ. ನಮ್ಮ ಸಕ್ಕರೆ ಹರಳು ದಪ್ಪ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಮನೆಯಲ್ಲಿ ಕಡೆದ ಬೆಣ್ಣೆ ಬೇಡ, ಅದರಲ್ಲಿ ಉಳಿದ ಮಜ್ಜಿಗೆ ನೀರು ಹಿಟ್ಟನ್ನು ಜಿಗುಟು ಮಾಡುತ್ತದೆ. ತುಪ್ಪ ಹಾಕಿದರೆ ಅದು ನಾನ್‌ಖಟಾಯ್. ಚಕ್ಕುಲಿ ಹಿಟ್ಟಿಗೆ ಮೊದಲು ಬೆಣ್ಣೆ ಉಜ್ಜುವುದು ಏಕೋ ಇಲ್ಲೂ ಅದಕ್ಕೇ: ಜಿಡ್ಡು ಸುತ್ತಿಕೊಂಡ ಹಿಟ್ಟು ಎಳೆ ಎಳೆಯಾಗಿ ಬಿಗಿದುಕೊಳ್ಳುವುದಿಲ್ಲ, ಬಾಯಲ್ಲಿ ಪುಡಿಯಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಶಾರ್ಟ್’ ಅಂದರೆ ಈ ಪುಡಿಯಾಗುವ ಗುಣ.

ಮೆತ್ತಗಾದ (ಕರಗಿದ್ದಲ್ಲ) ಬೆಣ್ಣೆಗೆ ಸಕ್ಕರೆ ಕಲಸಿ, ಹಿಟ್ಟು ಸೇರಿಸಿ ಕೂಡಿಕೊಳ್ಳುವಷ್ಟೇ ಒತ್ತಿ. ಚಪಾತಿ ಹಿಟ್ಟಿನಂತೆ ನಾದಿದರೆ ಗಟ್ಟಿ ಹಲಗೆಯಾಗುತ್ತದೆ. 8 ಇಂಚಿನ ಚೌಕ ತಟ್ಟೆಗೆ ಒತ್ತಿ, ಫೋರ್ಕಿನಿಂದ ತಳದವರೆಗೆ ಚುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ನಮ್ಮ ಬೇಸಿಗೆಯಲ್ಲಿ ಇದನ್ನು ಬಿಟ್ಟರೆ ಬೆಣ್ಣೆ ಅಂಚಿಗೆ ಹರಿದು ನಡುವೆ ಒಣಕಲಾಗುತ್ತದೆ. ಓವನ್ 160 ಡಿಗ್ರಿ, 40ರಿಂದ 45 ನಿಮಿಷ. ಬಣ್ಣ ತೆಳು ಹೊಂಬಣ್ಣಕ್ಕೆ ತಿರುಗಿದರೆ ಸಾಕು, ಕಂದಾದರೆ ಬೆಣ್ಣೆಯ ರುಚಿ ಹೋಯಿತು. ಹೊರತೆಗೆದ ಕೂಡಲೇ ಬಿಸಿಯಲ್ಲೇ ಚಾಕುವಿನಿಂದ ಗೆರೆ ಕೊಯ್ದು, ತಟ್ಟೆಯಲ್ಲೇ ಪೂರ್ತಿ ಆರಲು ಬಿಡಿ. ಆರಿದ ಮೇಲೆ ಕೊಯ್ಯಲು ಹೋದರೆ ಚೂರುಚೂರಾಗುತ್ತದೆ.