ಬಿಸಿಲೂರಿನ ಕಾಲಿಗೆ ಮಲೆಯ ದಾರಿ

ಚಾರಣದ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳವನ್ನಷ್ಟೇ ಆರಿಸಿದ್ದೇವೆ. ಹೆಚ್ಚಿನವರ ಕಷ್ಟ ಒಂದೇ: ನಲವತ್ತು ಡಿಗ್ರಿ ಬಿಸಿಲಿನಲ್ಲಿ ಸರಿಹೋಗುವ ಬಟ್ಟೆ, ಬುತ್ತಿ, ರೂಢಿಗಳು ಮಲೆಯಲ್ಲಿ ತಿರುಗಿ ಬೀಳುತ್ತವೆ.

ಡಿಸೆಂಬರಿನಾಗ ಆರು ಮಂದಿ ಗೆಳೆಯರು ಕುದುರೆಮುಖಕ್ಕೆ ಹೊಂಟೀವಿ. ಟೆಂಟು, ಸ್ಟೌ ಒಯ್ದು ತುದೀ ಮ್ಯಾಲ ಒಂದು ರಾತ್ರಿ ಇರಬೇಕಂತ ಆಸೆ. ಏನೇನು ಬೇಕು? (ಓದುಗರು, ಗಂಗಾವತಿ)

ಟೆಂಟು, ಸ್ಟೌ ಎರಡನ್ನೂ ಮನೆಯಲ್ಲೇ ಬಿಡಿ. ಕುದುರೆಮುಖ 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಒಳಗೆ ರಾತ್ರಿ ಉಳಿಯುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಅಲ್ಲಿ ಕಣಿವೆಯ ಸಂದುಗಳಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ನಿತ್ಯಹಸಿರು ಕಾಡು, ಗುಡ್ಡದ ಮೈಯೆಲ್ಲ ಹುಲ್ಲು. ಮಳೆ ನಿಂತ ಮೇಲೆ ಆ ಹುಲ್ಲು ಒಣಗಿ ನಿಲ್ಲುತ್ತದೆ. ಒಂದು ಬೀಡಿಯ ಕಿಡಿ ಸಾಕು. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಚಾರಣವನ್ನೇ ನಿಲ್ಲಿಸುವುದುಂಟು.

ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಚೆಯೇ ಅನುಮತಿ ಚೀಟಿ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಚೀಟಿಗಳು ಬೇಗ ಮುಗಿಯುತ್ತವೆ. ನಿಮ್ಮಲ್ಲಿ ರಜೆ ಹೊಂದಿಸಬಲ್ಲವರಿದ್ದರೆ ಮಂಗಳವಾರ, ಬುಧವಾರ ನೋಡಿ. ಕಳಸದ ಕಡೆಯಿಂದ ಸಂಸೆಗೆ, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಬೇಕು. ರಾತ್ರಿ ಆ ಊರುಗಳ ಹೋಮ್‌ಸ್ಟೇಯಲ್ಲಿ ಉಳಿಯಿರಿ.

ಶಿಖರದ ಎತ್ತರ 1,894 ಮೀಟರ್. ಮುಳ್ಳೋಡಿಯಿಂದ ಹೋಗಿಬರಲು 20ರಿಂದ 22 ಕಿ.ಮೀ. ಏರು ದಾರಿಯಲ್ಲಿ ಗಂಟೆಗೆ ಎರಡು, ಎರಡೂವರೆ ಕಿ.ಮೀ.ಗಿಂತ ಹೆಚ್ಚು ಸಾಗದು. ಬೆಳಗ್ಗೆ ಏಳಕ್ಕೆ ಹೊರಟರೆ ಹನ್ನೆರಡಕ್ಕೆ ತುದಿ, ಒಂದಕ್ಕೆ ಇಳಿಯಲು ಶುರು, ಐದರೊಳಗೆ ಕೆಳಗೆ. ಡಿಸೆಂಬರಿನಲ್ಲಿ ಆರು ಗಂಟೆ ದಾಟಿದರೆ ಕತ್ತಲೆ. ಎಲ್ಲಿದ್ದರೂ ಸರಿ, ಒಂದಕ್ಕೆ ತಿರುಗಬೇಕು ಎಂದು ಆರೂ ಜನ ಹೊರಡುವ ಮುಂಚೆಯೇ ಒಪ್ಪಿಕೊಳ್ಳಿ. ಮೇಲೆ ಹೋದ ಮೇಲೆ ‘ಇನ್ನೊಂದು ಹತ್ತು ನಿಮಿಷ’ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ.

ಚೀಲ 20ರಿಂದ 25 ಲೀಟರಿನದು ಸಾಕು. ತಲಾ ಎರಡೂವರೆ ಲೀಟರ್ ನೀರು, ಮಳೆಕೋಟು, ತಲೆಗೆ ಕಟ್ಟುವ ಟಾರ್ಚು, ಬುತ್ತಿ, ಒಂದು ಜೊತೆ ಒಣ ಸಾಕ್ಸು. ಎಲ್ಲ ಸೇರಿ ಐದು ಕಿಲೋ ಮೀರಬಾರದು. ದಾರಿಯಲ್ಲಿ ಹಳ್ಳಗಳು ಸಿಗುತ್ತವೆ. ಆ ನೀರನ್ನು ತುಂಬಿಕೊಂಡರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನೀರು ಕೊರೆಯುವಷ್ಟು ತಣ್ಣಗಿದ್ದರೆ, ಬಗ್ಗಡವಾಗಿದ್ದರೆ ಇನ್ನೂ ಹೊತ್ತು ಬಿಡಬೇಕು.

ಗುಡ್ಡ ಹತ್ತೋ ರೂಢಿ ಇಲ್ಲ. ಎರಡು ತಿಂಗಳಲ್ಲಿ ಕಾಲು ಹದಕ್ಕೆ ಬರ್ತಾವಾ? (ಓದುಗರು, ಕೊಪ್ಪಳ)

ಬರುತ್ತವೆ. ನಿಮ್ಮ ಜಿಲ್ಲೆಯಲ್ಲೇ ಆನೆಗೊಂದಿಯ ಹತ್ತಿರ ಅಂಜನಾದ್ರಿ ಇದೆ, 575 ಮೆಟ್ಟಿಲು. ಮೆಟ್ಟಿಲಿಗೆ 15 ಸೆಂ.ಮೀ. ಎಂದು ಹಿಡಿದರೂ ಒಂದು ಸಲ ಹತ್ತಿದರೆ 86 ಮೀಟರ್ ಏರಿದಂತೆ. ಹೋಲಿಕೆಗೆ, ಹಿಮಾಲಯದ ಹೂಗಳ ಕಣಿವೆಗೆ ಹೋಗುವ ದಾರಿಯಲ್ಲಿ ಗೋವಿಂದಘಾಟ್‌ನಿಂದ ಘಾಂಘರಿಯಾಕ್ಕೆ ಏರು ಸುಮಾರು 1,200 ಮೀಟರ್. ಅಂದರೆ ಅಂಜನಾದ್ರಿಯನ್ನು ಒಂದೇ ದಿನ ಹದಿನಾಲ್ಕು ಸಲ ಹತ್ತಿದ ಲೆಕ್ಕ. ಹೆದರಬೇಡಿ, ಅಭ್ಯಾಸಕ್ಕೆ ಅಷ್ಟು ಬೇಕಿಲ್ಲ. ಮೊದಲೆರಡು ವಾರ ಬರಿಗೈಯಲ್ಲಿ ಎರಡು ಸಲ, ವಾರಕ್ಕೆ ಮೂರು ದಿನ. ಮೂರನೇ ವಾರದಿಂದ ಬೆನ್ನಿಗೆ ನಾಲ್ಕು ಕಿಲೋ. ಎಂಟನೇ ವಾರಕ್ಕೆ ಎಂಟು ಕಿಲೋ ಹೊತ್ತು ಐದು ಸಲ ಹತ್ತಿ ಇಳಿದರೆ ನೀವು ತಯಾರು.

ಭಾರಕ್ಕೆ ಅಕ್ಕಿ, ಕಲ್ಲು ತುಂಬುವ ಬದಲು ನೀರಿನ ಬಾಟಲಿ ತುಂಬಿ. ಮೊಣಕಾಲು ನೋಯುವ ದಿನ ಮೇಲೆ ಹೋಗಿ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಉಳಿದ ದಿನ ಇಳಿಯುವಾಗಲೂ ಭಾರ ಇರಲಿ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಮರುದಿನ ನೋವು ಬರುವುದು ಅದರಿಂದಲೇ. ಹತ್ತುವುದನ್ನಷ್ಟೇ ಕಲಿತವರು ವಾಪಸಾಗುವಾಗ ಕುಂಟುತ್ತಾರೆ. ಶನಿವಾರ ಅಂಜನಾದ್ರಿಗೆ ಅಭ್ಯಾಸಕ್ಕೆ ಹೋಗಬೇಡಿ, ಭಕ್ತರ ಸಾಲಿಗೆ ಅಡ್ಡಿ. ಬಾಳೆಹಣ್ಣು ಕೈಯಲ್ಲಿ ಹಿಡಿಯಬೇಡಿ, ಮಂಗಗಳು ಚೀಲವನ್ನೂ ಬಿಡವು.

ಎಂಟು ಕಿಲೋ ಹೊತ್ತರೇ ಭುಜ ಹರಿದು ಹೋಗುವ ಹಾಗೆ ನೋಯುತ್ತದೆ. ಚೀಲ ಒಳ್ಳೆಯದೇ ತೆಗೆದುಕೊಂಡಿದ್ದೇನೆ. (ವಿದ್ಯಾರ್ಥಿನಿ, ಬಳ್ಳಾರಿ)

ಭುಜದ ಪಟ್ಟಿಯನ್ನು ಮೊದಲು ಬಿಗಿದು ಸೊಂಟದ ಪಟ್ಟಿಯನ್ನು ಸುಮ್ಮನೆ ಸಿಕ್ಕಿಸುತ್ತಿರಬೇಕು. ಕ್ರಮ ತಿರುಗಿಸಿ. ಎಲ್ಲ ಪಟ್ಟಿ ಸಡಿಲಿಸಿ ಚೀಲ ಹೊತ್ತುಕೊಳ್ಳಿ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಪಕ್ಕೆಯ ಕೆಳಗೆ ಕೈಗೆ ತಾಗುವ ಸೊಂಟದ ಮೂಳೆಯ ಮೇಲೆ ಕೂರಬೇಕು. ಅದನ್ನು ಬಿಗಿಯಿರಿ. ಆಮೇಲೆ ಭುಜದ ಪಟ್ಟಿಯನ್ನು ಮೈಗೆ ತಾಗುವಷ್ಟೇ ಎಳೆಯಿರಿ. ಭುಜದ ಮೇಲಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಲಿ. ಎದೆಪಟ್ಟಿ ಕೊನೆಗೆ. ಭಾರದ ಹೆಚ್ಚಿನ ಪಾಲು ಈಗ ಸೊಂಟಕ್ಕೆ ಬರುತ್ತದೆ.

ಇಷ್ಟಾದರೂ ನೋವಿದ್ದರೆ ಚೀಲದ ಉದ್ದವೇ ನಿಮಗೆ ಹೊಂದಿಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಬೆನ್ನಿನ ಮೇಲೆ ಟೇಪು ಹಿಡಿಸಿ ಅಳೆಯಿರಿ. ಅಂಗಡಿಯಲ್ಲಿ ಲೀಟರ್ ಕೇಳುವ ಮುಂಚೆ ಕೇಳಬೇಕಾದ ಅಳತೆ ಇದು. ತುಂಬುವಾಗ ಭಾರದ ಸಾಮಾನು ನಡುವಿನಲ್ಲಿ, ಬೆನ್ನಿಗೆ ಅಂಟಿಕೊಂಡಿರಲಿ. ಹೊರಜೇಬಿನಲ್ಲಿ ಭಾರ ಇಟ್ಟರೆ ಚೀಲ ಹಿಂದಕ್ಕೆ ಜಗ್ಗುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ. ಇನ್ನು ಮಳೆಗೆ ಹೊರಗವಸು ನಂಬಬೇಡಿ, ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ. ಚೀಲದ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಅದರಲ್ಲಿ ಬಟ್ಟೆ ತುಂಬಿ ಬಾಯಿ ತಿರುಚಿ ಮಡಚಿ. ಗೊಬ್ಬರದ ಚೀಲದ ಒಳಹಾಳೆ ಬೇಡ, ಎಷ್ಟು ತೊಳೆದರೂ ನಂಬಿಕೆಯಿಲ್ಲ.

ಜೀನ್ಸ್ ಹಾಕ್ಕೊಂಡು ಹೋದ್ರೆ ಏನಾಗುತ್ತೆ? ಗಟ್ಟಿ ಬಟ್ಟೆ ಅಲ್ವಾ? (ಓದುಗರು, ಬಳ್ಳಾರಿ)

ಜೀನ್ಸ್ ಹೊಲಿದು ಊರೂರಿಗೆ ಕಳಿಸುವ ಬಳ್ಳಾರಿಯವರಿಗೆ ಇದನ್ನು ಹೇಳಲು ಸಂಕೋಚ, ಆದರೆ ಬೇಡ. ದಪ್ಪ ಹತ್ತಿ ನೀರು ಹೀರಿ ಭಾರವಾಗುತ್ತದೆ, ಮಲೆನಾಡಿನ ತೇವದಲ್ಲಿ ಮರುದಿನಕ್ಕೂ ಒಣಗದು, ತೊಡೆಯ ಸಂದು ಉಜ್ಜಿ ಕೆಂಪಾಗುತ್ತದೆ. ನಮ್ಮೂರಲ್ಲಿ ಬೆವರಿನ ಹತ್ತಿ ಅಂಗಿ ತಂಪು ಕೊಡುತ್ತದೆ. ಗಾಳಿಯಿರುವ ತುದಿಯಲ್ಲಿ ಅದೇ ಅಂಗಿ ಮೈಯ ಶಾಖ ಕದಿಯುತ್ತದೆ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟು, ಆಟಗಾರರ ಟೀ ಶರ್ಟು ಸಾಕು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುವುದು ನಿಜ, ಆದರೆ ಕಂಬಳಿ ಹೊತ್ತು ಹೋಗಬೇಡಿ, ಉಣ್ಣೆಯ ತೆಳು ಸ್ವೆಟರು ಸಾಕು.

ನಾಲ್ಕು ವರ್ಷದ ಹಿಂದೆ ತಂದ ಟ್ರೆಕಿಂಗ್ ಶೂ ಒಂದೇ ಸಲ ಹಾಕಿದ್ದು. ಅಟ್ಟದ ಮೇಲೆ ಡಬ್ಬಿಯಲ್ಲೇ ಇದೆ. ಅದನ್ನೇ ಒಯ್ಯಬಹುದೇ? (ಓದುಗರು, ಸಿಂಧನೂರು)

ಪರೀಕ್ಷೆ ಮಾಡದೆ ಬೇಡ. ಅಟ್ಟೆಯ ನಡುಪದರ ಪಾಲಿಯುರೆಥೇನಿನದಾಗಿದ್ದರೆ ಗಾಳಿಯ ತೇವಕ್ಕೇ ಒಳಗೊಳಗೆ ಒಡೆಯುತ್ತ ಹೋಗುತ್ತದೆ. ಶಾಖ ಅದನ್ನು ಚುರುಕುಗೊಳಿಸುತ್ತದೆ, ನಿಮ್ಮ ಅಟ್ಟದ ಬೇಸಿಗೆ ಶಾಖವಂತೂ ಕೇಳುವುದೇ ಬೇಡ. ಹಾಕದೆ ಇಟ್ಟರೆ ಹೊಸದಾಗಿ ಉಳಿಯುತ್ತದೆ ಎಂಬುದು ತಪ್ಪು ಎಣಿಕೆ. ಅಟ್ಟೆಯ ಪಕ್ಕವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ. ಪುಡಿ ಉದುರಿದರೆ, ಅಂಟಂಟಾದರೆ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಎಸೆಯಿರಿ. ಸರಿ ಕಂಡರೂ ಭಾರ ಹೊತ್ತು ಊರಲ್ಲೇ 30, 40 ಕಿ.ಮೀ. ನಡೆದು ನೋಡಿ. ಕಿತ್ತುಬರುವುದಾದರೆ ತುಂಗಭದ್ರಾ ಕಾಲುವೆಯ ಏರಿಯ ಮೇಲೆ ಬರಲಿ. ಕಾಡಿನಲ್ಲಿ ಅಟ್ಟೆ ಬಿಟ್ಟರೆ ಬಟ್ಟೆಯ ಅಂಟುಪಟ್ಟಿಯಿಂದ ಶೂವನ್ನು ಸುತ್ತ ಬಿಗಿದು ಇಳಿದುಬರುವುದೊಂದೇ ದಾರಿ. ಆ ಪಟ್ಟಿಯನ್ನು ಎರಡು ಮೀಟರಿನಷ್ಟು ನೀರಿನ ಬಾಟಲಿಗೆ ಸುತ್ತಿಟ್ಟುಕೊಳ್ಳಿ.

ಹೊಸದು ಕೊಳ್ಳುವುದಾದರೆ ಸಂಜೆ ಹೋಗಿ, ಕಾಲು ಆಗ ಸ್ವಲ್ಪ ಊದಿರುತ್ತದೆ. ಚಾರಣದ ಸಾಕ್ಸು ಹಾಕಿಯೇ ತೊಟ್ಟು ನೋಡಿ. ಮುಂದೆ ಹೆಬ್ಬೆರಳಗಲ ಜಾಗ ಇರಬೇಕು, ಹಿಮ್ಮಡಿ ಏಳಬಾರದು. ಅಂಗಡಿಯ ಮೆಟ್ಟಿಲು ಇಳಿದು ನೋಡಿ, ಬೆರಳು ಮುಂದೆ ಬಡಿದರೆ ಆ ಜೋಡು ಬೇಡ. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿ. ದಾರಿಯಲ್ಲಿ ಎಲ್ಲಾದರೂ ಬಿಸಿಬಿಸಿ ಅನಿಸಿದರೆ ಅಲ್ಲೇ ಕೂತು ಪಟ್ಟಿ ಅಂಟಿಸಿ. ಗುಳ್ಳೆ ಎದ್ದ ಮೇಲೆ ಅಂಟಿಸಿದರೆ ಅರ್ಧ ಫಲ.

ಬುತ್ತಿಗೆ ಕಡಕ್ ರೊಟ್ಟಿ ಒಯ್ದರ ನಡೀತೈತೇನ್ರಿ? (ಗೃಹಿಣಿ, ಕುಷ್ಟಗಿ)

ನಡೆಯುತ್ತದೆ, ಅಂಗಡಿಯ ಬಿಸ್ಕೀಟಿಗಿಂತ ಎಷ್ಟೋ ಮೇಲು. ತೊಂದರೆ ಎರಡು. ಚೀಲದಲ್ಲಿ ಪುಡಿಯಾಗುತ್ತದೆ, ಅದಕ್ಕೆ ಅಗಲ ತಳದ ಸ್ಟೀಲ್ ಡಬ್ಬಿ ಬೇಕು. ಮಳೆಗಾಲದ ಮಲೆನಾಡಿನಲ್ಲಿ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಮೆತ್ತಗಾದದ್ದು ಬೇಗ ಬೂಸು ಹಿಡಿಯುತ್ತದೆ. ದಿನಕ್ಕೊಂದು ಕಟ್ಟು ಮಾಡಿ, ಒಂದೊಂದನ್ನೂ ಗಾಳಿಯಾಡದ ಹಾಗೆ ಬೇರೆ ಬೇರೆ ಕಟ್ಟಿ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಮೊಸರು ಬೇಡ.

ತೂಕಕ್ಕೆ ಹೋಲಿಸಿದರೆ ಶೇಂಗಾದಷ್ಟು ಶಕ್ತಿ ಕೊಡುವ ಅಗ್ಗದ ವಸ್ತು ಇನ್ನೊಂದಿಲ್ಲ: 100 ಗ್ರಾಮಿಗೆ 560 ಕ್ಯಾಲೊರಿಗೂ ಹೆಚ್ಚು. ಹುರಿದ ಶೇಂಗಾ, ಪುಟಾಣಿ, ಬೆಲ್ಲ ಕೂಡಿಸಿ ತಲಾ 150 ಗ್ರಾಂ ಪ್ಯಾಂಟಿನ ಜೇಬಿನಲ್ಲೇ ಇರಲಿ, ಗಂಟೆಗೊಂದು ಹಿಡಿ ತಿನ್ನಲಿ. ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ಏರಿನಲ್ಲಿ ಕಾಲು ಏಳದು. ಮಂಡಾಳು ಹಗುರವೇನೋ ಹೌದು, ಆದರೆ ಚೀಲದ ಜಾಗವನ್ನೆಲ್ಲ ತಿನ್ನುತ್ತದೆ. ಮಂಡಾಳು ಮಿರ್ಚಿ ವಾಪಸು ಬಂದ ಸಂಜೆಗೆ ಇರಲಿ.

ನನಗೆ 58 ವರ್ಷ, ಬಿ.ಪಿ. ಮಾತ್ರೆ ತಗೋತೀನಿ. ಆಗಸ್ಟಿನಲ್ಲಿ ಹೂಗಳ ಕಣಿವೆ ಮತ್ತು ಹೇಮಕುಂಡಕ್ಕೆ ಹೋಗುವ ಇಚ್ಛೆ. ರಾಯಚೂರಿನ ಬಿಸಿಲು ತಡೆದವರಿಗೆ ಹಿಮಾಲಯ ಕಷ್ಟವೇ? (ನಿವೃತ್ತ ಶಿಕ್ಷಕರು, ರಾಯಚೂರು)

ಬಿಸಿಲು ತಡೆದದ್ದು ಬೆವರಿಗೆ ನೆರವಾದೀತು, ಎತ್ತರಕ್ಕೆ ಅಲ್ಲ. ರಾಯಚೂರು ಸಮುದ್ರಮಟ್ಟದಿಂದ 400 ಮೀಟರ್ ಎತ್ತರದಲ್ಲಿದೆ. ನೀವು ಮಲಗಬೇಕಾದ ಘಾಂಘರಿಯಾ ಸುಮಾರು 3,050 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಉಸಿರಿಗೊಮ್ಮೆ ಸಿಗುವ ಆಮ್ಲಜನಕ ನಮ್ಮೂರಿನ ಮುಕ್ಕಾಲು ಪಾಲಿಗಿಂತ ಕಡಿಮೆ. ದೇಹ ಹೊಂದಿಕೊಳ್ಳಲು ದಿನಗಳು ಬೇಕು, ವಯಸ್ಸು, ಗಟ್ಟಿತನ ನೋಡಿ ಅದು ರಿಯಾಯಿತಿ ಕೊಡುವುದಿಲ್ಲ. ದಿನಾ ಓಡುವ ಹುಡುಗರೇ ಅವಸರ ಮಾಡಿ ಬೇಗ ಮಲಗಿಬಿಡುವುದುಂಟು.

ಯೋಜನೆ ಹೀಗಿರಲಿ. ಹರಿದ್ವಾರದಿಂದ ಜೋಶಿಮಠಕ್ಕೆ ಬಂದು ಒಂದಲ್ಲ, ಎರಡು ರಾತ್ರಿ ಕಳೆಯಿರಿ. ಅದು 1,900 ಮೀಟರಿನ ಆಸುಪಾಸು. ಮೂರನೇ ದಿನ ಪುಲನಾವರೆಗೆ ವಾಹನ, ಅಲ್ಲಿಂದ ನಿಧಾನ ನಡೆದು ಘಾಂಘರಿಯಾ. ಮರುದಿನ ಹೂಗಳ ಕಣಿವೆ, ಅದರ ಮರುದಿನ ಹೇಮಕುಂಡ. ಈ ಕ್ರಮ ಉಲ್ಟಾ ಮಾಡಬೇಡಿ. ಹೇಮಕುಂಡ 4,000 ಮೀಟರ್ ಮೀರಿದ್ದು, ಏರು ಕಡಿದು. ಕಣಿವೆಯ ದಾರಿ ತಗ್ಗು, ಶ್ವಾಸಕೋಶಕ್ಕೆ ಅದೇ ಪಾಠಶಾಲೆ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಣಿವೆಯಲ್ಲೂ ರಾತ್ರಿ ಉಳಿಯುವಂತಿಲ್ಲ, ಜೂನ್‌ನಿಂದ ಅಕ್ಟೋಬರಿನವರೆಗಷ್ಟೇ ತೆರೆದಿರುತ್ತದೆ. ಆಗಸ್ಟು ಹೂವಿಗೆ ಒಳ್ಳೆಯ ತಿಂಗಳು, ರಸ್ತೆಗೆ ಕೆಟ್ಟ ತಿಂಗಳು. ಗುಡ್ಡ ಕುಸಿದು ಬದರಿ ದಾರಿ ಮುಚ್ಚುವುದು ಮಾಮೂಲು, ವಾಪಸು ರೈಲಿಗೆ ಮುಂಚೆ ಎರಡು ದಿನ ಖಾಲಿ ಇಟ್ಟುಕೊಳ್ಳಿ.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು ಇದ್ದರೆ ಅದು ಎತ್ತರದ ಕಾಯಿಲೆ ಎಂದೇ ಹಿಡಿಯಬೇಕು. ಆ ದಿನ ಮೇಲೆ ಹೋಗಬಾರದು. ಹೆಚ್ಚಾದರೆ ಇಳಿಯಬೇಕು, ರಾತ್ರಿಯಾದರೂ ಸರಿ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ಇಡಲು ಆಗದೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಅದು ಪ್ರಾಣದ ಪ್ರಶ್ನೆ. ತಡೆಗೆ ಅಸೆಟಜೋಲಮೈಡ್ 125 ಮಿ.ಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಕೊಡುವುದುಂಟು. ಆದರೆ ಸಲ್ಫಾ ಔಷಧಿಯ ಅಲರ್ಜಿ ಇದ್ದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುತ್ತವೆ, ಕೆಲವು ಹೃದಯದ ಬಡಿತ ಏರದಂತೆ ತಡೆಯುತ್ತವೆ. ಎರಡೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಚೀಟಿ ಹಿಡಿದು ವೈದ್ಯರನ್ನು ಒಂದು ತಿಂಗಳು ಮುಂಚೆ ಕಾಣಿ, ಗೆಳೆಯರ ಡಬ್ಬಿಯ ಮಾತ್ರೆ ನುಂಗಬೇಡಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗದು, ಬಾಯಾರದಿದ್ದರೂ ಆಗಾಗ ಗುಟುಕು ನೀರು ಕುಡಿಯುತ್ತಿರಿ.

ಜಿಗಣಿ ಹತ್ತಿದರೆ ಉಪ್ಪು ಹಾಕೋದು ಸರೀನಾ? (ಓದುಗರು, ಮಾನ್ವಿ)

ಉಪ್ಪು, ಬೆಂಕಿಕಡ್ಡಿ ಎರಡೂ ಬೇಡ, ನೊಂದ ಇಂಬಳ (ಮಲೆಕಾಡಿನ ಜಿಗಣಿ) ಕುಡಿದದ್ದನ್ನು ಗಾಯಕ್ಕೇ ಕಾರುತ್ತದೆ. ಸಣ್ಣ ತುದಿಯ ಕಡೆ ಚರ್ಮದ ಮೇಲೆ ಉಗುರು ಜಾರಿಸಿ ಮೊದಲು ಬಾಯಿ ಬಿಡಿಸಿ, ಆಮೇಲೆ ಹಿಂಬದಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಬಿಟ್ಟ ರಸದಿಂದ ಬಹಳ ಹೊತ್ತು ಸೋರುತ್ತದೆ, ಗಾಬರಿ ಬೇಡ. ತೊಳೆದು ಒತ್ತಿ ಹಿಡಿಯಿರಿ.

ಅಭ್ಯಾಸಕ್ಕೆ ನಸುಕಿನಲ್ಲಿ ಗುಡ್ಡ ಹತ್ತುತ್ತೇವೆ. ಕರಡಿ ಭಯ ಎಷ್ಟು? (ಓದುಗರು, ಸಂಡೂರು)

ಸಮೀಪದಲ್ಲೇ 1994ರಿಂದ ದರೋಜಿ ಕರಡಿಧಾಮ ಇದೆ ಎಂದರೆ ಭಯಕ್ಕೆ ಕಾರಣ ಇದೆ ಎಂದೇ ಅರ್ಥ. ಕರಡಿಗೆ ಕಣ್ಣು ಮಂದ. ಗೆದ್ದಲು ಕೆದರುವಾಗ ನೀವು ಬಂದದ್ದೂ ಗೊತ್ತಾಗದು, ತೀರಾ ಹತ್ತಿರವಾದಾಗ ಬೆಚ್ಚಿ ಮೈಮೇಲೆ ಬರುತ್ತದೆ. ಆದ್ದರಿಂದ ಮೂರು ನಾಲ್ಕು ಜನ ಕೂಡಿ, ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ, ಇಯರ್‌ಫೋನ್ ಬೇಡ. ಬಂಡೆಯ ಗವಿ, ಪೊದೆಗಳ ಬಾಯಿಗೆ ಹೋಗಬೇಡಿ. ದೂರದಲ್ಲಿ ಕಂಡರೆ ಓಡದೆ, ಎದುರಾಗಿಯೇ ನಿಂತು ಹಿಂದೆ ಹಿಂದೆ ಸರಿಯಿರಿ. ನಸುಕು ಬಿಟ್ಟು, ಹೊತ್ತು ಹುಟ್ಟಿ ಒಂದು ಗಂಟೆ ಆದ ಮೇಲೆ ಹತ್ತಲು ಶುರು ಮಾಡಿ. ಸ್ವಲ್ಪ ಬಿಸಿಲು ತಿಂದರೂ ಪರವಾಗಿಲ್ಲ, ಅದು ನಿಮಗೆ ರೂಢಿಯಿದೆ.