ಆಕೆ ಹೇಳಿದ ಸುಳ್ಳನ್ನು ಆತನೂ ನಂಬಿದ್ದ

ಈ ಪ್ರಕರಣ ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಆದರೆ ಇದೇ ಗಂಟು ಹೊತ್ತು ಬಂದ ಜೋಡಿ ಈ ವರ್ಷ ಇದು ಮೂರನೆಯದು. ಇನ್ನು ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು. ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಮದುವೆಯಾಗಿ ಆರು ವರ್ಷ. ಆಕೆಗೆ 33, ಆತನಿಗೆ 37. ಮಕ್ಕಳಾಗಿಲ್ಲ. ಆತ ಒಬ್ಬನೇ ಮಗ, ಅಪ್ಪ ಅಮ್ಮ ಜೊತೆಗೇ ಇದ್ದಾರೆ. ಜಗಳ ಜಾಸ್ತಿಯಾಗಿದೆ, ಜಗಳ ಇಲ್ಲದ ದಿನ ಮಾತೇ ಇಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದರು. ತೊಂದರೆ ಏನೆಂದು ಡಾಕ್ಟರ್ ಹೇಳಿದ್ದಾರೆ ಅಂತ ಕೇಳಿದರೆ, ಆಕೆ ತಟ್ಟನೆ "ನನಗೇ ಸ್ವಲ್ಪ ಪ್ರಾಬ್ಲಂ ಇದೆ ಮೇಡಂ" ಅನ್ನುತ್ತಿದ್ದರು. ಆತ ತಲೆಯಾಡಿಸುತ್ತಿದ್ದ. ಮೊದಲ ಎರಡು ಭೇಟಿಯಲ್ಲೂ ಹೀಗೇ ಆಯಿತು.

ಮೂರನೇ ಸಲ ಆಸ್ಪತ್ರೆಯ ಫೈಲ್ ತರಲು ಹೇಳಿದ್ದೆ. ನಾನು ಡಾಕ್ಟರಲ್ಲ. ಆದರೂ ಇವರು ಎಷ್ಟು ಕಡೆ ಓಡಾಡಿದ್ದಾರೆ, ಏನೇನು ಮಾಡಿಸಿದ್ದಾರೆ ಅನ್ನುವುದು ಗೊತ್ತಿದ್ದರೆ ಮಾತಾಡಲು ಅನುಕೂಲ. ದಪ್ಪ ಫೈಲ್ ಆಕೆಯ ತೊಡೆಯ ಮೇಲಿತ್ತು. ರಟ್ಟಿನ ಮೇಲೆ ಆಕೆಯ ಹೆಸರು ಮಾತ್ರ. ಒಳಗೆ ಸ್ಕ್ಯಾನ್‌ಗಳು, ಹಾರ್ಮೋನ್ ಪರೀಕ್ಷೆಗಳು. ಗರ್ಭನಾಳ ಮುಚ್ಚಿದೆಯೇ ಅಂತ ನೋಡಲು ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ, ಅದೂ ಎರಡು ಸಲ. ಎಲ್ಲವೂ ಸರಿಯಾಗಿತ್ತು. ಕೊನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ನಾಲ್ಕಾಗಿ ಮಡಚಿದ ಎರಡು ಕಾಗದಗಳಿದ್ದವು. ನಾಲ್ಕು ವರ್ಷ ಹಳೆಯವು, ಒಂದು ತಿಂಗಳ ಅಂತರದಲ್ಲಿ ಮಾಡಿಸಿದ್ದು. ಆತನ ವೀರ್ಯ ಪರೀಕ್ಷೆ. ಎರಡರಲ್ಲೂ ವೀರ್ಯಾಣು ಕಂಡಿರಲಿಲ್ಲ.

ಯಾರೂ ಮಾತಾಡಲಿಲ್ಲ. ಕೊನೆಗೆ ಆಕೆಯೇ ಶುರು ಮಾಡಿದರು.

"ಅವತ್ತು ರಿಪೋರ್ಟ್ ಹಿಡ್ಕೊಂಡು ಮನೆಗೆ ಬಂದ್ವಿ. ಅತ್ತೆ ಬಾಗಿಲಲ್ಲೇ ಕೇಳಿದ್ರು. ಇವರ ಮುಖ ನೋಡಕ್ಕಾಗಲಿಲ್ಲ ಮೇಡಂ. ನನ್ನಲ್ಲೇ ಏನೋ ತೊಂದರೆ ಇದೆಯಂತೆ ಅತ್ತೆ ಅಂದುಬಿಟ್ಟೆ."

ಆಮೇಲೆ ಅತ್ತೆ ಆಕೆಯನ್ನು ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದರು. ಗಂಡನ ರಿಪೋರ್ಟ್ ಅಲ್ಲಿಗೆ ಹೋಗಲೇ ಇಲ್ಲ. ಎರಡನೇ ಎಕ್ಸ್‌ರೇ ಆಗಿದ್ದು ಅಲ್ಲೇ. ಅಂಡ ಬಿಡುಗಡೆಗೆ ಅಂತ ಕೊಟ್ಟ ಮಾತ್ರೆಗಳನ್ನೂ ತಿಂಗಳುಗಟ್ಟಲೆ ನುಂಗಿದ್ದರು. ಬೇಡದ ಮಾತ್ರೆ ಅಂತ ಗೊತ್ತಿದ್ದೂ ನುಂಗಿದ್ದರು.

ಆತ ಮೆಲ್ಲಗೆ ಹೇಳಿದ. "ಹಾಗೆ ಹೇಳು ಅಂತ ನಾನು ಹೇಳಿರಲಿಲ್ಲ ಮೇಡಂ. ಅವಳೇ ಹೇಳಿದ್ದು. ಅವಳಿಗೇನೂ ಬೇಜಾರಿರಲಿಲ್ಲ."

ಆಕೆ ಆತನ ಕಡೆ ತಿರುಗಿ ಕೂತರು.

"ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ರೀ. ಹೋದ ತಿಂಗಳು ಜಗಳದಲ್ಲಿ ಏನಂದ್ರಿ ನೆನಪಿದೆಯಾ? ನಿನ್ನಿಂದ ನಮ್ಮಮ್ಮ ನೆಮ್ಮದಿ ಕಳ್ಕೊಂಡ್ರು ಅಂದ್ರಿ. ಅತ್ತೆಗೆ ಅಂತ ಹೇಳಿದ ಸುಳ್ಳನ್ನ ನೀವೂ ನಂಬಿಬಿಟ್ರಲ್ಲಾ."

ಆತ ಕಾಗದವನ್ನು ಹಳೆಯ ಗೆರೆಗಳ ಮೇಲೇ ಮತ್ತೆ ಮಡಚತೊಡಗಿದ. ಅರ್ಧಕ್ಕೆ ನಿಲ್ಲಿಸಿದ. ಅದನ್ನು ಫೈಲಿಗೆ ಹಾಕಲಿಲ್ಲ, ಕೈಯಲ್ಲೇ ಇಟ್ಟುಕೊಂಡ. ಸುಮಾರು ಹೊತ್ತಾದ ಮೇಲೆ, "ನನಗೆ ಎಲ್ಲಾ ಸರಿಯಾಗೇ ಇದೆ ಮೇಡಂ. ಲ್ಯಾಬಿನವರದ್ದೇ ತಪ್ಪು ಅಂದ್ಕೊಂಡಿದ್ದೆ" ಅಂದ.

ಈ ಮಾತನ್ನು ನಾನು ಬಹಳ ಗಂಡಸರಿಂದ ಕೇಳಿದ್ದೇನೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವೀರ್ಯದಲ್ಲಿ ಬಹುಪಾಲು ಬೇರೆ ಗ್ರಂಥಿಗಳಿಂದ ಬರುವ ದ್ರವ. ವೀರ್ಯಾಣುಗಳ ಪಾಲು ತೀರಾ ಸಣ್ಣದು. ಅವು ಒಂದೂ ಇಲ್ಲದಿದ್ದರೂ ಕಣ್ಣಿಗೆ ಏನೂ ವ್ಯತ್ಯಾಸ ಕಾಣದು. ಆಸೆ, ಶಕ್ತಿ ಎಲ್ಲ ಮೊದಲಿನಂತೆಯೇ ಇರಬಹುದು. 100 ಗಂಡಸರಲ್ಲಿ ಸುಮಾರು ಒಬ್ಬರಿಗೆ ಹೀಗಿರುತ್ತದೆ. ಮಕ್ಕಳಾಗದ ಜೋಡಿಗಳನ್ನು ತೆಗೆದುಕೊಂಡರೆ, ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಇದಕ್ಕೂ ಗಂಡಸ್ತನಕ್ಕೂ ಸಂಬಂಧವಿಲ್ಲ. ಕೆಲವರಲ್ಲಿ ದಾರಿ ಕಟ್ಟಿಕೊಂಡಿರುತ್ತದೆ ಅಷ್ಟೇ, ಒಳಗೆ ವೀರ್ಯಾಣು ತಯಾರಾಗುತ್ತಲೇ ಇರುತ್ತದೆ. ಅಂಥವರಿಗೆ ವೃಷಣದಿಂದಲೇ ಅದನ್ನು ತೆಗೆದು ಚಿಕಿತ್ಸೆ ಮಾಡುವುದೂ ಉಂಟು. ಇವರದ್ದು ಯಾವ ಬಗೆ? ಗೊತ್ತಿಲ್ಲ. ಯಾಕೆಂದರೆ ನಾಲ್ಕು ವರ್ಷದಲ್ಲಿ ಆತ ಒಮ್ಮೆಯೂ ಸಂಬಂಧಪಟ್ಟ ತಜ್ಞರ ಹತ್ತಿರ ಹೋಗಿರಲಿಲ್ಲ. ತೊಂದರೆ ಆಕೆಯದು ಅಂತ ಮನೆಯಲ್ಲಿ ತೀರ್ಮಾನವಾದ ಮೇಲೆ ಆತ ಯಾಕೆ ಹೋಗಬೇಕು, ಅಲ್ವಾ? ಆ ಸುಳ್ಳು ಆಕೆಯನ್ನು ಸವೆಸಿದ್ದಷ್ಟೇ ಅಲ್ಲ, ಆತನಿಗೆ ಸಿಗಬೇಕಾದ ಚಿಕಿತ್ಸೆಯನ್ನೂ ತಡೆದಿತ್ತು.

ನಾನು ಕೊಟ್ಟ ಸಲಹೆ ಎರಡು. ಮೊದಲನೆಯದು, ಆತನೇ ಅಮ್ಮನ ಮುಂದೆ ಕೂತು, ಹೆಂಡತಿಯ ಎದುರಲ್ಲೇ, ಒಂದು ಮಾತು ಹೇಳಬೇಕು. "ಕಾರಣ ಇವಳಲ್ಲ." ಅಷ್ಟು ಸಾಕು. ರಿಪೋರ್ಟ್ ತೋರಿಸಬೇಕಿಲ್ಲ, ಕಾಯಿಲೆಯ ಹೆಸರು ಹೇಳಬೇಕಿಲ್ಲ. ಆತನ ದೇಹದ ವಿಷಯ ಆತನದ್ದೇ. ಆದರೆ ಆಕೆಯ ಮೇಲೆ ಕೂತ ಆರೋಪ ಆತನದ್ದಲ್ಲ, ಅದನ್ನು ಇಳಿಸಲೇಬೇಕು. ಎರಡನೆಯದು, ಅದನ್ನು ಹೇಳುವವರೆಗೆ ದಾನಿಯ ವೀರ್ಯಾಣು ಬಗ್ಗೆ ಯಾವ ತೀರ್ಮಾನವನ್ನೂ ಮಾಡಬಾರದು. ಗುಟ್ಟಾಗಿ ದಾನಿಯ ಸಹಾಯದಿಂದ ಮಗು ಮಾಡಿಕೊಂಡುಬಿಡೋಣ ಅಂತ ಆತ ಅಷ್ಟರಲ್ಲೇ ಆಕೆಗೆ ಹೇಳಿದ್ದ.

ಎರಡನೇ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೇ ಒಪ್ಪಲಿಲ್ಲ. ಆಕೆಗೆ 33 ಆಗಿದೆ, 35 ದಾಟಿದರೆ ಕಷ್ಟ ಹೆಚ್ಚು, ನೀವು ಸಮಯ ಹಾಳು ಮಾಡುತ್ತಿದ್ದೀರಿ ಅಂದರು. ವಯಸ್ಸಿನ ಮಾತು ನಿಜ. ಅದಕ್ಕೇ ನಾನು ಕೇಳಿದ್ದು ಆರು ವಾರ, ಆರು ತಿಂಗಳಲ್ಲ. ಆ ಆರು ವಾರದಲ್ಲೇ ಆತ ತಜ್ಞರನ್ನು ನೋಡಬೇಕು ಅಂತಲೂ ಹೇಳಿದ್ದೆ. ಹಳೆಯ ಸುಳ್ಳನ್ನು ಮುಚ್ಚಲು ಮಗು ಬಂದರೆ, ಆ ಸುಳ್ಳನ್ನು ಇನ್ನು ಮುಂದೆ ಮೂವರು ಹೊರಬೇಕಾಗುತ್ತದೆ. ದಾನಿಯ ದಾರಿ ತಪ್ಪು ಅಂತ ನಾನು ಎಂದೂ ಹೇಳಿಲ್ಲ. ಇಬ್ಬರೂ ನೆಮ್ಮದಿಯಿಂದ ಒಪ್ಪಿ ಹೋದರೆ ಒಳ್ಳೆಯ ದಾರಿಯೇ. ಆದರೆ ಅವತ್ತು ಒಬ್ಬರು ಹೆದರಿದ್ದರು, ಇನ್ನೊಬ್ಬರು ಸೋತಿದ್ದರು. ಇವತ್ತು ಕೇಳಿದರೂ ನನ್ನ ಸಲಹೆ ಇದೇ.

ಹೆಂಡತಿಯಾದವಳು ಗಂಡನ ಮಾನ ಕಾಪಾಡಿದಳು ಅಂತ ಇದನ್ನು ಹೊಗಳುವವರೂ ಇದ್ದಾರೆ. ಬೇಡದ ಎಕ್ಸ್‌ರೇ ಟೇಬಲ್ ಮೇಲೆ ಹಲ್ಲು ಕಚ್ಚಿ ಮಲಗಿದವರು ಆಕೆ. ದಯವಿಟ್ಟು ಅದನ್ನು ತ್ಯಾಗ ಅಂತ ಹೊಗಳಬೇಡಿ.

ನಾಲ್ಕನೇ ವಾರ ಆತ ಒಬ್ಬನೇ ಬಂದ. ಅಮ್ಮನಿಗೆ ಹೇಳಿದ್ದಾನೆ. ನಾನು ಹೇಳಿದ್ದಕ್ಕಿಂತ ಜಾಸ್ತಿಯೇ ಹೇಳಿದ್ದಾನೆ, "ಕಾರಣ ನಾನು" ಅಂತ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಇಷ್ಟು ವರ್ಷ ನಾನು ಅವಳಿಗೆ ಅಂದಿದ್ದೆಲ್ಲ?" ಅಂತ ಕೇಳಿ ಒಳಗೆ ಹೋದರಂತೆ. ಅದಾಗಿ ಎರಡು ದಿನ ಸೊಸೆಯ ಮುಖ ನೋಡಿಲ್ಲ.

ತಜ್ಞರ ಭೇಟಿಗೆ ದಿನ ಗೊತ್ತಾಗಿದೆ. ಈ ಸಲದ ಫೈಲ್ ಮೇಲೆ ಆತನ ಹೆಸರಿದೆ. ಆಕೆ ಇನ್ನೂ ಆತನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಬರುವ ವಾರ ಒಬ್ಬರೇ ಬರುತ್ತೇನೆ ಅಂದಿದ್ದಾರೆ. ಮಗುವಿನ ಬಗ್ಗೆ ಅಲ್ಲ, ತಮ್ಮ ಬಗ್ಗೆ ಮಾತಾಡಬೇಕಂತೆ. ಒಂದೂವರೆ ಗಂಟೆ ಖಾಲಿ ಇಟ್ಟಿದ್ದೇನೆ.