ಗ್ರೇಟ್ ಜಿಂಬಾಬ್ವೆ ಕಟ್ಟಿದ್ದು ನಮ್ಮೋರಲ್ಲ ಮೇಷ್ಟ್ರೇ

ತುಮಕೂರಿನಿಂದ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರೊಬ್ರು ಬರ್ದಿದಾರೆ: "ಮಗ ಜೋಹಾನ್ಸ್‌ಬರ್ಗಲ್ಲಿದಾನೆ, ಬರೋ ಜೂನ್‌ನಲ್ಲಿ ನಾನೂ ನಮ್ಮನೆಯವ್ರೂ ಹೊರಟಿದೀವಿ, ವಿಕ್ಟೋರಿಯಾ ಫಾಲ್ಸ್ ಅಂತೂ ನೋಡೋದೇ. ಗ್ರೇಟ್ ಜಿಂಬಾಬ್ವೆ ಅನ್ನೋ ಕಲ್ಲಿನ ಪಾಳು ಪಟ್ಟಣಕ್ಕೆ ಅಷ್ಟು ದೂರ ಹೋಗೋದು ವರ್ತಾ? ವಾಟ್ಸಾಪಲ್ಲಿ ಒಂದು ವಿಡಿಯೋ ಬಂದಿತ್ತು, ಅದನ್ನ ಕಟ್ಟಿದ್ದು ದಕ್ಷಿಣ ಭಾರತದ ಶಿಲ್ಪಿಗಳಂತೆ, ಹಂಪಿ ಥರಾನೇ ಗಾರೆ ಇಲ್ದೆ ಕಲ್ಲು ಜೋಡ್ಸಿದಾರಂತೆ, ಭಾರತದ ಮಣಿಗಳೂ ಅಲ್ಲಿ ಸಿಕ್ಕಿವೆಯಂತೆ. ನಿಮ್ಮ ಹೋದ ಸಂಚಿಕೆ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ವಲ್ಲ, ಯಾಕೆ?"

ಮೇಷ್ಟ್ರೇ ನಮಸ್ಕಾರ. ಮೊದಲ್ನೇ ಪ್ರಶ್ನೆಗೆ ಉತ್ತರ ಚಿಕ್ಕದು, ಖಂಡಿತ ಹೋಗ್ಬನ್ನಿ. ಎರಡನೇದು ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಆ ವಿಡಿಯೋದೋರು ಹೊಸದೇನೂ ಕಂಡುಹಿಡ್ದಿಲ್ಲ, ನೂರೈವತ್ತು ವರ್ಷದಿಂದ ಓಡಾಡ್ತಿರೋ ಒಂದು ಸುಳ್ಳಲ್ಲಿ ಕಟ್ಟಿದೋರ ಹೆಸರು ಮಾತ್ರ ಬದಲಾಯ್ಸಿದಾರೆ. ಅದಕ್ಕೇ ನಾವು ಹಾಕ್ಲಿಲ್ಲ.

ಶುರುವಾಗಿದ್ದು 1871ರಲ್ಲಿ. ಕಾರ್ಲ್ ಮೌಖ್ ಅಂತ ಒಬ್ಬ ಜರ್ಮನ್ ಅಲ್ಲಿಗೆ ಬಂದ, ಬಾಗಿಲ ಮೇಲಿನ ತೊಲೆಯಿಂದ ಒಂದು ಚಕ್ಕೆ ಕಿತ್ತು ತನ್ನ ಪೆನ್ಸಿಲಿನ ಮರದ ಪಕ್ಕ ಇಟ್ಟು ನೋಡ್ದ, ಎರಡೂ ಒಂದೇ ಥರ ಕಾಣ್ಸ್ತು, ಅಷ್ಟೇ, ಹಾಗಾದ್ರೆ ಇದು ಲೆಬನಾನಿನ ಸೀಡರ್ ಮರ, ಹಾಗಾದ್ರೆ ಅದನ್ನ ತಂದೋರು ಲೆಬನಾನ್ ಕಡೆಯ ಪ್ರಾಚೀನ ವರ್ತಕರಾದ ಫಿನೀಷಿಯನ್ನರು, ಹಾಗಾದ್ರೆ ಇದು ಬೈಬಲ್ಲಿನ ಶೀಬಾ ರಾಣಿಗೆ ಸೇರಿದ್ದು ಅಂತ ತೀರ್ಮಾನ ಮಾಡ್ಬಿಟ್ಟ. ಮರ ನೋಡಿದ್ರೆ ಅಲ್ಲೇ ಸುತ್ತಮುತ್ತ ಬೆಳೆಯೋ ತಂಬೂಟಿ! ಒಂದು ಪೆನ್ಸಿಲ್ ಮೇಲೆ ಇಷ್ಟು ದೊಡ್ಡ ಇತಿಹಾಸ ನಿಂತಿದ್ದು ಇನ್ನೆಲ್ಲೂ ಇರ್ಲಿಕ್ಕಿಲ್ಲ.

ಬ್ರಿಟಿಷ್ ವಸಾಹತು ಕಟ್ಟೋಕೆ ಹೊರಟಿದ್ದ ಸೆಸಿಲ್ ರೋಡ್ಸ್‌ಗೆ ಈ ಕಥೆ ಬಹಳ ಅನುಕೂಲ ಆಯ್ತು. 1890ರಲ್ಲಿ ಅವನ ಕಂಪನಿಯ ದಂಡು ಆ ನಾಡಿಗೆ ನುಗ್ತು. ಹಿಂದೆ ಯಾರೋ ಹೊರಗಿನ ನಾಗರಿಕರು ಬಂದು ಆಳಿದ ಜಾಗ ಇದು, ಇಲ್ಲಿನ ಕಪ್ಪು ಜನಕ್ಕೆ ಇಂಥದ್ದೆಲ್ಲ ಕಟ್ಟೋಕೆ ಬರೋದೇ ಇಲ್ಲ ಅಂದ್ಬಿಟ್ರೆ ನೆಲ ಕಿತ್ಕೊಂಡಿದ್ದು ಕಿತ್ಕೊಂಡಂಗೆ ಅನ್ಸೋದೇ ಇಲ್ವಲ್ಲ. 1895ರಲ್ಲಿ ಆ ಪ್ರಾಂತ್ಯದ ಪಾಳು ಕಟ್ಟಡಗಳನ್ನ ಅಗೆದು ಚಿನ್ನ ತೆಗೆಯೋಕೆ ಅಂತಾನೇ ಒಂದು ಕಂಪನಿ ಹುಟ್ತು, ಲೈಸೆನ್ಸ್ ಕೂಡ ಸಿಕ್ತು. ಗ್ರೇಟ್ ಜಿಂಬಾಬ್ವೆ ಅವರ ಕೈಗೆ ಸಿಕ್ಕಲಿಲ್ಲ, ಆದ್ರೆ ಅದಕ್ಕೆ ಬೇರೆ ಗ್ರಹಚಾರ ಕಾದಿತ್ತು. 1902ರಲ್ಲಿ ಅದನ್ನ ನೋಡ್ಕೊಳ್ಳೋಕೆ ಬಂದ ರಿಚರ್ಡ್ ಹಾಲ್ ಅನ್ನೋನು, ಆಫ್ರಿಕನ್ನರು ವಾಸ ಮಾಡಿ ಗಲೀಜು ಮಾಡಿದಾರೆ, ಕ್ಲೀನ್ ಮಾಡಿದ್ರೆ ಅಡಿಯಲ್ಲಿ ಅಸಲಿ ನಾಗರಿಕತೆ ಸಿಗುತ್ತೆ ಅಂತ ಅಡಿಗಟ್ಟಲೆ ಮಣ್ಣು ಅಗೆಸಿ ಹೊರಗೆ ಹಾಕ್ಸಿಬಿಟ್ಟ. ಆ ಮಣ್ಣಲ್ಲೇ ಮೇಷ್ಟ್ರೇ ಮಡಕೆ ಚೂರು, ಗುಡಿಸಲ ನೆಲ, ಒಲೆ ಬೂದಿ, ಅಂದ್ರೆ ಅಲ್ಲಿ ಬದುಕಿದೋರ ಸಾಕ್ಷಿ ಎಲ್ಲಾ ಇದ್ದಿದ್ದು. ನನ್ನ ಕೇಳಿದ್ರೆ ಚಿನ್ನ ಕದ್ದೋರಿಗಿಂತ ಇವನು ಮಾಡಿದ್ದೇ ದೊಡ್ಡ ನಷ್ಟ.

1905ರಲ್ಲಿ ಡೇವಿಡ್ ರಾಂಡಲ್ ಮೆಕೈವರ್ ಅನ್ನೋ ಟ್ರೇನ್ಡ್ ಪುರಾತತ್ವಜ್ಞ ಬಂದು ಉಳಿದಿದ್ದನ್ನ ನೋಡಿ, ಇದು ಆಫ್ರಿಕನ್ನರೇ ಕಟ್ಟಿದ್ದು, ಮಧ್ಯಯುಗದ್ದು ಅಂತ ಹೇಳ್ದ, ವಲಸೆ ಬಂದ ಬಿಳಿಯರಿಗೆ ಉರಿದು ಹೋಯ್ತು. ಮತ್ತೆ 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಬಂದ್ರು, ಟೀಮ್ ಪೂರ್ತಿ ಹೆಂಗಸರೇ, ಅದರಲ್ಲಿ ಆಮೇಲೆ ಜೆರಿಕೋ ಉತ್ಖನನದಿಂದ ಹೆಸರಾದ ಕ್ಯಾಥಲೀನ್ ಕೆನ್ಯನ್ ಕೂಡ ಇದ್ರು. ಕೇಟನ್ ಥಾಂಪ್ಸನ್ ಕೂಡ ಅದೇ ಹೇಳಿದ್ರು, ಇನ್ನೂ ಗಟ್ಟಿಯಾಗಿ. 11ನೇ ಶತಮಾನದಿಂದ 15ನೇ ಶತಮಾನದ ನಡುವೆ, ಜಿಂಬಾಬ್ವೆಯ ಈಗಿನ ಶೋನಾ ಜನರ ಪೂರ್ವಜರು ಕಟ್ಟಿದ್ದು ಅನ್ನೋದು ಈಗ ಪುರಾತತ್ವದೋರಲ್ಲಿ ಚರ್ಚೆಯ ವಿಷಯಾನೇ ಅಲ್ಲ. ಆದ್ರೂ 1965ರಲ್ಲಿ ಸ್ವತಂತ್ರ ಅಂತ ಘೋಷಿಸ್ಕೊಂಡ ರೊಡೇಷಿಯಾದ (ಈಗಿನ ಜಿಂಬಾಬ್ವೆ) ಬಿಳಿಯರ ಸರ್ಕಾರಕ್ಕೆ ಇದನ್ನ ಒಪ್ಪೋ ಮನಸ್ಸಿರ್ಲಿಲ್ಲ, ಗೈಡ್‌ಬುಕ್ಕಲ್ಲಿ ಏನು ಬರೀಬೇಕು ಅನ್ನೋದ್ರ ಮೇಲೂ ಒತ್ತಡ, ಅಲ್ಲಿನ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿದ್ದ ಪೀಟರ್ ಗಾರ್ಲೇಕ್ ದೇಶಾನೇ ಬಿಟ್ಟು ಹೋಗ್ಬೇಕಾಯ್ತು. 1980ರಲ್ಲಿ ಬಹುಸಂಖ್ಯಾತರ ಕೈಗೆ ಅಧಿಕಾರ ಬಂದಾಗ ದೇಶಕ್ಕೆ ಇದೇ ಪಾಳು ಪಟ್ಟಣದ ಹೆಸರು ಇಟ್ಕೊಂಡಿದ್ದು ಯಾಕೆ ಅಂತ ಈಗ ನಿಮಗೆ ಅರ್ಥ ಆಗಿರುತ್ತೆ.

ಇನ್ನು ಹಂಪಿ ವಿಷ್ಯ. ವಿಜಯನಗರ ಶುರುವಾಗಿದ್ದು 1336 ಅಂತೀವಿ, ಗ್ರೇಟ್ ಜಿಂಬಾಬ್ವೆ ಜೋರಾಗಿ ಮೆರೀತಿದ್ದಿದ್ದೂ ಆ ಸುಮಾರಿಗೇ, ಎರಡೂ ಕಡೆ ಗ್ರಾನೈಟ್ ಗುಡ್ಡಗಳು, ಎರಡೂ ಕಡೆ ಗಾರೆ ಇಲ್ದ ಗೋಡೆ. ಅಲ್ಲಿಗೆ ಹೋಲಿಕೆ ಮುಗೀತು. ನಮ್ಮೋರು ಬಂಡೆಗೆ ಸಾಲಾಗಿ ಗುಳಿ ಹೊಡೆದು ಬೆಣೆ ಹಾಕಿ ಸೀಳ್ತಿದ್ರು, ಆ ಗುಳಿ ಗುರುತು ಹಂಪಿಲಿ ಈಗ್ಲೂ ಕಾಣುತ್ತೆ, ದೊಡ್ಡ ದೊಡ್ಡ ಕಲ್ಲು. ಗ್ರೇಟ್ ಜಿಂಬಾಬ್ವೆಲಿ ಬಿಸಿಲು ಚಳಿಗೆ ಗ್ರಾನೈಟ್ ತಾನೇ ಪದರ ಪದರವಾಗಿ ಬಿಟ್ಕೊಳ್ಳುತ್ತೆ, ಬೆಂಕಿ ಹಾಕಿ ನೀರು ಸುರಿದ್ರೆ ಇನ್ನೂ ಬೇಗ. ಆ ಚಪ್ಪಡಿನ ಇಟ್ಟಿಗೆ ಸೈಜಿಗೆ ಒಡ್ಕೊಂಡು ವರಸೆ ಮೇಲೆ ವರಸೆ ಪೇರಿಸಿದಾರೆ. ಚೌಕದ ಮೂಲೆ ಹುಡುಕಿದ್ರೂ ಸಿಗಲ್ಲ, ಗೋಡೆ ಎಲ್ಲಾ ಬಳುಕ್ಕೊಂಡು ಹೋಗುತ್ತೆ. ಗೋಡೆ ಮೇಲೆ ಚಾವಣಿ ಇರ್ಲಿಲ್ಲ, ಒಳಗೆ ಜನ ಇದ್ದಿದ್ದು ಮಣ್ಣಿನ ಗೋಡೆ ಹುಲ್ಲಿನ ಮಾಡಿನ ದುಂಡು ಮನೆಗಳಲ್ಲಿ. ಚಾವಣಿ ಹೊರೋ ಕಲ್ಲಿನ ಕಂಬ ಒಂದೂ ಇಲ್ಲ, ಒಂದು ಅಕ್ಷರ ಇಲ್ಲ. ಊರ ಕೆರೆ ತೂಬಿಗೂ ಶಾಸನ ಹಾಕ್ಸಿದ ನಮ್ಮ ಜನ ಸಮುದ್ರ ದಾಟಿ ಹೋಗಿ ನಾನೂರು ವರ್ಷ ಗೋಡೆ ಕಟ್ಟಿ ದಾನಿ ಹೆಸರೂ ಕೆತ್ತದೆ ವಾಪಸ್ ಬಂದ್ರು ಅಂದ್ರೆ ನೀವು ನಂಬ್ತೀರಾ? ನಾನಂತೂ ನಂಬಲ್ಲ.

ಮಣಿ ಸಿಕ್ಕಿದ್ದು ಮಾತ್ರ ನಿಜ. ಭಾರತದ ಗಾಜಿನ ಮಣಿ ಸಿಕ್ಕಿವೆ, ಜೊತೆಗೆ ಚೀನಾದ ಸೆಲಡಾನ್ ಪಿಂಗಾಣಿ, ಪರ್ಷಿಯಾದ ಪಾತ್ರೆ ಚೂರು, ಈಗಿನ ಟಾಂಜಾನಿಯಾದ ಕಿಲ್ವಾದಲ್ಲಿ ಟಂಕಿಸಿದ ನಾಣ್ಯ ಕೂಡ ಸಿಕ್ಕಿದೆ. ಒಳನಾಡಿನ ಚಿನ್ನ, ದಂತ ಮೊಜಾಂಬಿಕ್ ಕರಾವಳಿಯ ಸೊಫಾಲಾ ಬಂದರಿಗೆ ಇಳಿದು ಅಲ್ಲಿಂದ ಕಿಲ್ವಾ ಕಡೆಯ ವರ್ತಕರ ಕೈಗೆ ಹೋಗ್ತಿತ್ತು, ಬದಲಿಗೆ ನಮ್ಮ ಕಡೆಯ ಮಣಿ, ಹತ್ತಿ ಬಟ್ಟೆ ಹೋಗ್ತಿತ್ತು. ವ್ಯಾಪಾರ ಅಷ್ಟೇ ಇದು. ಚಿತ್ರದುರ್ಗದ ಚಂದ್ರವಳ್ಳಿಲಿ ರೋಮನ್ ನಾಣ್ಯ ಸಿಕ್ಕಿದೆ ಅಂತ ಚಂದ್ರವಳ್ಳಿನ ರೋಮನ್ನರು ಕಟ್ಟಿದ್ರು ಅಂತ ಪಾಠ ಮಾಡಿದ್ರಾ ನೀವು?

ಭಾರತದೋರು ಅಂದಾಗ ನಮಗೆ ಒಳಗೊಳಗೇ ಖುಷಿ ಆಗುತ್ತೆ, ಆ ವಿಡಿಯೋ ಓಡೋದೇ ಆ ಖುಷಿ ಮೇಲೆ. ಆದ್ರೆ ಶೀಬಾ ರಾಣಿ ಜಾಗದಲ್ಲಿ ನಮ್ಮನ್ನ ಕೂರಿಸಿದ್ರೂ ಕಿತ್ಕೊಳ್ಳೋದು ಅದೇ ಶೋನಾ ಜನರ ಕೈಯಿಂದ.

ಈಗ ಪ್ರಯಾಣದ ಮಾತು. ಮಗ ಕಾರಲ್ಲಿ ಕರ್ಕೊಂಡು ಹೋಗ್ತಾನೆ ಅಂದ್ರೆ ಇದು ದೊಡ್ಡ ಸುತ್ತೇನಲ್ಲ. ಜೋಹಾನ್ಸ್‌ಬರ್ಗಿಂದ ಬೈಟ್‌ಬ್ರಿಡ್ಜ್ ಗಡಿ ಸುಮಾರು 540 ಕಿ.ಮೀ., ಅಲ್ಲಿಂದ ಮಸ್ವಿಂಗೊ ಇನ್ನೊಂದು 290, ಪಾಳು ಪಟ್ಟಣ ಊರಿಂದ ಮೂವತ್ತು ಕಿ.ಮೀ. ಒಳಗೆ. ಗಡಿಯಲ್ಲಿ ಕ್ಯೂ ವಿಪರೀತ ಇರುತ್ತೆ, ಆ ದಿನ ಬೇರೆ ಪ್ಲಾನ್ ಇಟ್ಕೋಬೇಡಿ. ಆಮೇಲೆ ಬುಲವಾಯೊ ಮೇಲೆ ಫಾಲ್ಸ್ ಕಡೆ ಹೋಗ್ಬೋದು, ಬುಲವಾಯೊ ಹತ್ರಾನೇ ಖಾಮಿ ಅಂತ ಇನ್ನೊಂದು ಕಲ್ಲಿನ ಪಟ್ಟಣ ಇದೆ, ಗ್ರೇಟ್ ಜಿಂಬಾಬ್ವೆ ಇಳಿದ ಮೇಲೆ ಬೆಳೆದಿದ್ದು. ಖರ್ಚಿಗೆ ಅಮೆರಿಕನ್ ಡಾಲರ್, ಚಿಲ್ಲರೆ ನೋಟುಗಳಲ್ಲೇ ಇಟ್ಕೊಳ್ಳಿ. ಜೂನ್ ಅಲ್ಲಿ ಚಳಿಗಾಲ, ಸ್ವೆಟರ್ ಬೇಕೇ ಬೇಕು.

ಬೆಟ್ಟದ ಮೇಲಿನ ಭಾಗಕ್ಕೆ ಹಳೇ ದಾರಿ ಬಂಡೆ ಸಂದಿಲಿ ಹತ್ತುತ್ತೆ, ಮಂಡಿ ನೋವಿದ್ರೆ ಇನ್ನೊಂದು ಸಲೀಸಾದ ದಾರಿ ಹಿಡೀರಿ. ಮೊದಲು ಬೆಟ್ಟ, ಆಮೇಲೆ ಕೆಳಗಿನ ಗ್ರೇಟ್ ಎನ್‌ಕ್ಲೋಷರ್ ಅನ್ನೋ ದೊಡ್ಡ ಗೋಡೆಯ ಆವರಣ, ಯಾಕಂದ್ರೆ ಮೇಲಿಂದ ನೋಡಿದ್ರೆ ಅದರ ಆಕಾರ ಪೂರ್ತಿ ಸಿಗುತ್ತೆ. ಹೊರಗೋಡೆ ಸುತ್ತಳತೆ 250 ಮೀಟರ್, ಕೆಲವು ಕಡೆ 11 ಮೀಟರ್ ಎತ್ತರ. ಒಳಗಿನ ಕಿರಿದಾದ ಓಣಿಲಿ ನಡೆದ್ರೆ ಶಂಕುವಿನಾಕಾರದ ಗೋಪುರ ಬರುತ್ತೆ, ಅದರೊಳಗೆ ನಿಧಿ ಇದೆ ಅಂತ ಎಷ್ಟೋ ಜನ ಅಗೆದು ನೋಡಿದ್ರು, ಒಳಗೂ ಬರೀ ಕಲ್ಲೇ. ಮ್ಯೂಸಿಯಂನಲ್ಲಿ ಮೆದುಗಲ್ಲಿನ ಹಕ್ಕಿಗಳಿವೆ, ದೇಶದ ಬಾವುಟದ ಮೇಲಿರೋದು ಅದೇ ಹಕ್ಕಿ. ಒಂದು ಕಾಲಕ್ಕೆ ಬಹುಪಾಲು ಕೇಪ್‌ಟೌನ್ ಸೇರಿದ್ವು, 1981ರಲ್ಲಿ ಅಲ್ಲಿನ ಮ್ಯೂಸಿಯಂ ವಾಪಸ್ ಕೊಡೋಕೆ ಬದಲಿಗೆ ಜಿಂಬಾಬ್ವೆಯಿಂದ ಜೇನುಹುಳ, ಕಣಜದ ಹುಳಗಳಂಥ ಕೀಟಗಳ ಸಂಗ್ರಹ ಇಸ್ಕೊಳ್ತು. ಒಂದು ಹಕ್ಕಿಯ ಕೆಳಗಿನ ತುಂಡು ಜರ್ಮನಿಯಿಂದ 2003ರಲ್ಲಿ ಬಂತು.

ಊಟಕ್ಕೆ ಯೋಚ್ನೆ ಬೇಡ. ಅಲ್ಲಿನ ಸಾಡ್ಜಾ ಅಂದ್ರೆ ಮುದ್ದೇನೇ, ಸಾಮಾನ್ಯವಾಗಿ ಜೋಳದ ಹಿಟ್ಟಿಂದು, ಮೆಕ್ಕೆಜೋಳ. "ರಪೋಕೊ" ಸಾಡ್ಜಾ ಇದ್ಯಾ ಅಂತ ಕೇಳಿ, ಅದು ನಮ್ಮ ರಾಗಿ. ರಾಗಿ ಮೂಲ ಪೂರ್ವ ಆಫ್ರಿಕಾ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮಗೆ ಬಂದಿದ್ದು, ತುಮಕೂರಿನೋರು ಅಲ್ಲಿ ಹೋಗಿ ರಾಗಿ ಮುದ್ದೆ ತಿನ್ನದೆ ಬಂದ್ರೆ ಬೇಜಾರಾಗುತ್ತೆ ನಮಗೆ.

ಇನ್ನೊಂದು, ಗಡಿ ದಾಟೋ ಮುಂಚೆ ದಕ್ಷಿಣ ಆಫ್ರಿಕಾ ಕಡೆ ಮುಸೀನಾ ಊರಿಂದ ಪಶ್ಚಿಮಕ್ಕೆ ತಿರುಗಿದ್ರೆ ಮಾಪುಂಗುಬ್ವೆ ಗುಡ್ಡ ಸಿಗುತ್ತೆ, ಗ್ರೇಟ್ ಜಿಂಬಾಬ್ವೆಗಿಂತ ಮುಂಚೆ, 13ನೇ ಶತಮಾನದಲ್ಲಿ ಮೆರೆದ ರಾಜಧಾನಿ. ಅಲ್ಲಿನ ಗೋರಿಲಿ ಸಿಕ್ಕ ಪುಟಾಣಿ ಚಿನ್ನದ ಘೇಂಡಾಮೃಗ ಪ್ರಿಟೋರಿಯಾ ಯೂನಿವರ್ಸಿಟಿ ಹತ್ರ ಇದೆ, ಹೊರಡೋ ಮುಂಚೆ ಡಿಸ್‌ಪ್ಲೇಗೆ ಇಟ್ಟಿದಾರಾ ಅಂತ ಫೋನ್ ಮಾಡಿ ಕೇಳೋಕೆ ಮಗನಿಗೆ ಹೇಳಿ.

— ಸಂ.